ಮೂರನೇ ಮಗ್ಗ

ಮಗ್ಗದ ಎಣ್ಣೆಗೆ ಒಂದು ವಾಸನೆ ಇದೆ. ಬಿಸಿಯಾದ ಕಬ್ಬಿಣ, ನೂಲಿನ ಧೂಳು, ಹಳೆಯ ಮರ ಎಲ್ಲ ಸೇರಿದ ವಾಸನೆ. ಮೊನ್ನೆ ದೊಡ್ಡಬಳ್ಳಾಪುರದ ಪೇಟೆಯಲ್ಲಿ ಹೊಲಿಗೆ ಮಿಷನ್ನು ರಿಪೇರಿಗೆ ಕೊಟ್ಟು ನಿಂತಿದ್ದೆ. ಅಂಗಡಿಯವನು ಎಣ್ಣೆ ಡಬ್ಬಿಯ ಮುಚ್ಚಳ ತೆಗೆದ. ಅಷ್ಟಕ್ಕೇ ನಮ್ಮ ಮನೆ ಕಣ್ಣ ಮುಂದೆ ಬಂತು. ಉದ್ದನೆಯ ಮನೆ, ಮುಂದೆ ಕರೆಂಟಿನ ನಾಲ್ಕು ಮಗ್ಗ, ಹಿಂದೆ ನಾವು. ಕರೆಂಟು ಇರುವಷ್ಟು ಹೊತ್ತೂ ಅಡುಗೆಮನೆಯ ತಟ್ಟೆಗಳು ಗೋಡೆಗೆ ಒರಗಿ ಸಣ್ಣಗೆ ನಡುಗುತ್ತಿದ್ದವು. ಆ ಸದ್ದಿನಲ್ಲಿ ಮಾತು ಕೇಳಿಸದು. ಬಡಿಸುವಾಗ ಅಮ್ಮ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಸೌಟು ಎತ್ತಿ ತೋರಿಸುತ್ತಿದ್ದಳು, ನಾವು ತಲೆಯಾಡಿಸುತ್ತಿದ್ದೆವು. ಹೇಳುವುದನ್ನೆಲ್ಲ ಕರೆಂಟು ಹೋಗುವ ಹೊತ್ತಿಗೆಂದು ಕೂಡಿಟ್ಟುಕೊಳ್ಳುವ ಮನೆ ಅದು. ನಾನು ಕೂಡಿಟ್ಟುಕೊಂಡ ಒಂದು ಮಾತು ಹಾಗೇ ಉಳಿದುಹೋಯಿತು. ಅದನ್ನು ಕೇಳಬೇಕಾಗಿದ್ದ ಅಪ್ಪ ಈಗಿಲ್ಲ.

ಏಳನೇ ಕ್ಲಾಸು ಮುಗಿಸಿ ನಾನು ಮಗ್ಗಕ್ಕೆ ನಿಂತೆ. ಯಾರೂ ಬಲವಂತ ಮಾಡಲಿಲ್ಲ. ಮನೆಯಲ್ಲಿ ಇನ್ನೊಂದು ಜೊತೆ ಕೈ ಬೇಕಿತ್ತು, ಅಷ್ಟೇ. ತಮ್ಮ ಶಿವು ನನಗಿಂತ ನಾಲ್ಕು ವರ್ಷ ಚಿಕ್ಕವನು, ಶಾಲೆಗೆ ಹೋಗುತ್ತಿದ್ದ. ಅವನ ಓದಿಗೆ ಆಗಲಿ ಎಂದು ನಮ್ಮ ಮಾವ, ತಾನು ಕೆಲಸಕ್ಕಿದ್ದ ಬೆಂಗಳೂರಿನ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಒಂದು ಕಂಪ್ಯೂಟರನ್ನು ಬಸ್ಸಿನಲ್ಲಿ ತಂದುಕೊಟ್ಟ. ಓದುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಒಂದು ಆಟ ಇತ್ತು. ಚೌಕ ಚೌಕವಾಗಿ ಹರಡಿದ ನೆಲ, ಅಲ್ಲಲ್ಲಿ ಕೋಟೆ, ಕಾಲಾಳು, ಕುದುರೆ. ನಾವು ನೀಲಿ ರಾಜ, ಕಂಪ್ಯೂಟರು ಕೆಂಪು ರಾಜ. ಒಂದು ಸರದಿ ನಮ್ಮದು, ಒಂದು ಅದರದು. ಮಗ್ಗದ ಮನೆಗೆ ಹೇಳಿ ಮಾಡಿಸಿದ ಆಟ. ನಮ್ಮ ಸರದಿಯಲ್ಲಿ ಎದ್ದು ಹೋಗಿ, ಹರಿದ ಎಳೆ ಗಂಟು ಹಾಕಿ, ಅಡ್ಡ ಎಳೆ ಹೊತ್ತು ಓಡಾಡುವ ಲಾಳಿಗೆ ಹೊಸ ನೂಲು ತುಂಬಿ, ಊಟ ಮಾಡಿ ಬಂದರೂ ಕೆಂಪು ರಾಜ ಅಲ್ಲೇ ಕಾಯುತ್ತಿರುತ್ತಿದ್ದ.

ಶಿವು ಇಂಗ್ಲಿಷು ಓದಿಕೊಂಡು, ನಿಯಮ ಪ್ರಕಾರ ಆಡಿ ಸೋಲುತ್ತಿದ್ದ. ನನಗೆ ಇಂಗ್ಲಿಷು ಬಾರದು. ಹಾಗಾಗಿ ನಾನು ಕೆಂಪು ರಾಜನ ನಡೆಗಳನ್ನೇ ನೋಡುತ್ತಾ ಕೂತೆ. ಅವನಿಗೊಂದು ಚಟ ಇತ್ತು. ಕಾವಲಿಲ್ಲದ ಕೋಟೆ ಕಂಡರೆ ಅವನಿಂದ ಸುಮ್ಮನಿರಲು ಆಗುತ್ತಿರಲಿಲ್ಲ. ನಮ್ಮ ತುದಿಯ ಕೋಟೆಯಿಂದ ಸೈನಿಕರನ್ನು ಹೊರಗೆ ಕಳಿಸಿದರೆ ಸಾಕು, ಇದ್ದಬದ್ದ ಸೈನ್ಯವನ್ನೆಲ್ಲ ಆ ಕಡೆ ಓಡಿಸುತ್ತಿದ್ದ. ಹತ್ತಿರ ಬಂದಾಗ ಸೈನಿಕರನ್ನು ಮತ್ತೆ ಒಳಗೆ ಸೇರಿಸಿದರೆ ವಾಪಸು ತಿರುಗುತ್ತಿದ್ದ. ತೆಗೆದರೆ ಮತ್ತೆ ಬರುತ್ತಿದ್ದ. ಹೀಗೆ ಅವನ ಸೈನ್ಯ ಲಾಳಿಯ ಹಾಗೆ ಆಚೆಗೂ ಈಚೆಗೂ ಓಡಾಡುತ್ತಿರುವಾಗ ನಮ್ಮ ಕುದುರೆಗಳು ಸುತ್ತು ಹಾಕಿ ಹೋಗಿ ಅವನ ರಾಜಧಾನಿಯನ್ನೇ ಹಿಡಿಯುತ್ತಿದ್ದವು. ಹಿಂದಿನ ಸಲ ಮೋಸ ಹೋಗಿದ್ದು ಅವನಿಗೆ ನೆನಪೇ ಇರುತ್ತಿರಲಿಲ್ಲ.

"ಪಾಪ ಕಣಕ್ಕ, ಅದಕ್ಕೆ ಗೊತ್ತೇ ಆಗಲ್ಲ" ಎಂದ ಶಿವು, ನಾನು ಮೊದಲ ಸಲ ಗೆದ್ದಾಗ. "ಇದು ಗೆದ್ದಂಗಲ್ಲ, ಏಮಾರಿಸ್ದಂಗೆ."

"ಹೋಗೋ ಮಂಕ. ನೆನ್ನೆ ಸೋತು ಮೂತಿ ಊದಿಸ್ಕೊಂಡಿದ್ದೋನು ಯಾರು?"

ಏಳನೇ ಕ್ಲಾಸಿಗೇ ನಿಂತವಳು ನಾನು. ಓದಿದ ತಮ್ಮನಿಗೆ, ಆಫೀಸಿನಿಂದ ಬಂದ ಮಿಷನ್ನಿಗೆ ತಿಳಿಯದ್ದು ನನಗೆ ತಿಳಿದಿದೆ ಎಂಬ ಸುಖ ಎಂಥದ್ದು ಎಂದು ಹೇಗೆ ಹೇಳಲಿ. ಆ ಸುಖ ಸಿಕ್ಕಮೇಲೆ ಎಲ್ಲರಲ್ಲೂ ಅಂಥ ಚಟ ಹುಡುಕತೊಡಗಿದೆ. ಅಪ್ಪನಲ್ಲೂ ಸಿಕ್ಕಿತು.

ಅಪ್ಪ ಮಗ್ಗಗಳನ್ನು ಕಾಯುತ್ತಿದ್ದುದು ಕಿವಿಯಿಂದ. ಮಧ್ಯಾಹ್ನ ಉಂಡು ಹೊರಗಿನ ಜಗುಲಿಯ ಮೇಲೆ ಕಣ್ಣು ಮುಚ್ಚಿ ಒರಗಿಕೊಂಡಿರುತ್ತಿದ್ದ. ನಾಲ್ಕರಲ್ಲಿ ಒಂದರ ಸದ್ದು ನಿಂತರೂ ಎದ್ದು ಬಾಗಿಲಿಗೆ ಬಂದು, "ಎರಡ್ನೇದು ಯಾಕೆ ನಿಂತಿದ್ದು?" ಎಂದು ಕೇಳುತ್ತಿದ್ದ. ಯಾವ ಮಗ್ಗ ಎಂಬುದು ಒಮ್ಮೆಯೂ ತಪ್ಪುತ್ತಿರಲಿಲ್ಲ. ಆದರೆ ನಾಲ್ಕೂ ಸದ್ದು ಮಾಡುತ್ತಿರುವಷ್ಟು ಹೊತ್ತು ಒಳಗೆ ಇಣುಕುತ್ತಲೂ ಇರಲಿಲ್ಲ. ಮಗ್ಗ ಓಡಿಸಲು ಒಂದು ಹಿಡಿ ಇರುತ್ತದೆ. ಎಳೆ ಹರಿದರೆ, ಲಾಳಿ ಸಿಕ್ಕಿಕೊಂಡರೆ ಆ ಹಿಡಿ ತಾನಾಗಿಯೇ ಹಿಂದಕ್ಕೆ ಹಾರಿ ಮಗ್ಗ ನಿಲ್ಲುತ್ತದೆ. ಆ ಹಿಡಿಯನ್ನು ದಾರದಿಂದ ಬಿಗಿದು ಕಟ್ಟಿದರೆ ಏನೇ ಆದರೂ ಮಗ್ಗ ನಿಲ್ಲುವುದಿಲ್ಲ. ನೂಲಿಲ್ಲದಿದ್ದರೂ ಸುಮ್ಮನೆ ಬಡಿದುಕೊಳ್ಳುತ್ತಿರುತ್ತದೆ. ಅಪ್ಪ ಜಗುಲಿಯಿಂದ ಏಳುವುದಿಲ್ಲ, ನಾನು ಹಿಂದಿನ ಕೋಣೆಯಲ್ಲಿ ಮೂರು ನಾಲ್ಕು ಸರದಿ ಆಡಿ ಬರಬಹುದು. ಕೆಟ್ಟ ಬಟ್ಟೆಯನ್ನು ಆಮೇಲೆ ಬಿಚ್ಚಿ ಸರಿಮಾಡುತ್ತಿದ್ದೆ. ಇದನ್ನು ಶಿವುಗೂ ಹೇಳಿರಲಿಲ್ಲ.

ದಸರಾ ರಜೆಯ ಒಂದು ಮಧ್ಯಾಹ್ನ ಮೂರನೇ ಮಗ್ಗದ ಹಿಡಿ ಕಟ್ಟಿ ಒಳಗೆ ಹೋಗಿದ್ದೆ. ಅಮ್ಮ ಅಕ್ಕಿ ಬೀಸಿಸಲು ಮಿಲ್ಲಿಗೆ ಹೋಗಿದ್ದಳು. ಕೆಂಪು ಸೈನ್ಯ ನಮ್ಮ ಬರಿದಾದ ಕೋಟೆಯ ಕಡೆ ಬರುತ್ತಿತ್ತು. ಮುಂದೆ ಏನಾಯಿತೆಂದು ನಾನು ಕಣ್ಣಾರೆ ನೋಡಲಿಲ್ಲ, ಆಮೇಲೆ ಜೋಡಿಸಿಕೊಂಡಿದ್ದು. ಮೂರನೇ ಮಗ್ಗದಲ್ಲಿ ಎಳೆಗಳು ಹರಿದು ಸಿಕ್ಕುಗಟ್ಟಿದ್ದವು. ಅದನ್ನು ಕಂಡ ಶಿವು ನಿಲ್ಲಿಸಲು ಓಡಿದ. ಹಿಡಿ ಎಳೆದ, ಬರಲಿಲ್ಲ. ಯಾಕೆ ಬರುತ್ತಿಲ್ಲ ಎಂದು ಬಗ್ಗಿ ನೋಡಿದ. ಲಾಳಿ ಆ ಸಿಕ್ಕಿಗೆ ತಗುಲಿ ದಾರಿ ತಪ್ಪಿ ಹಾರಿತು. ಅದರ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ.

ಅವನು ಕೂಗಿರಬೇಕು. ನಾಲ್ಕು ಮಗ್ಗ ಓಡುತ್ತಿದ್ದವು, ಯಾರಿಗೂ ಕೇಳಲಿಲ್ಲ. ನಮಗೆ ಕೇಳಿಸಿದ್ದು ಮೂರನೇ ಮಗ್ಗ ನಿಂತದ್ದು ಮಾತ್ರ. ಅಪ್ಪನಿಗಿಂತ ಮೊದಲು ಅಲ್ಲಿರಬೇಕೆಂದು ನಾನು ಓಡಿದೆ. ಬೈಗುಳದ ಹೆದರಿಕೆ, ಬೇರೇನಲ್ಲ. ನಾನು ಬರುವುದಕ್ಕೂ ಅಪ್ಪ ಬಾಗಿಲಲ್ಲಿ ನಿಂತು "ಮೂರ್ನೇದು ಯಾಕೆ ನಿಂತಿದ್ದು?" ಎನ್ನುವುದಕ್ಕೂ ಸರಿಹೋಯಿತು. ಶಿವು ನೆಲದ ಮೇಲೆ ಕೂತಿದ್ದ. ಒಂದು ಕೈ ಎಡಗಣ್ಣಿನ ಮೇಲಿತ್ತು, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು. ಆ ಮುಷ್ಟಿಯಿಂದ ನಾನು ಕಟ್ಟಿದ್ದ ದಾರದ ತುದಿ ಹೊರಗೆ ಕಾಣುತ್ತಿತ್ತು. ಅಪ್ಪ ಅವನನ್ನು ಎತ್ತಿಕೊಳ್ಳುವಾಗ ಆ ಮುಷ್ಟಿ ಚಡ್ಡಿಯ ಜೇಬಿನೊಳಗೆ ಹೋಯಿತು.

"ಎಳೆ ಸಿಕ್ಕಾಕ್ಕೊಂಡಿತ್ತಪ್ಪ, ನಾನೇ ಬಗ್ಗಿಬಿಟ್ಟೆ" ಎಂದ.

ಸಂಜೆ ಬಟ್ಟೆ ತೆಗೆದುಕೊಂಡು ಹೋಗಲು ಆಸ್ಪತ್ರೆಯಿಂದ ಒಬ್ಬಳೇ ಮನೆಗೆ ಬಂದೆ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರು ಇನ್ನೂ ಆನ್ ಆಗೇ ಇತ್ತು. ಬರಿದಾದ ಕೋಟೆಯ ಮುಂದೆ ಕೆಂಪು ಸೈನ್ಯ ನಿಂತಿತ್ತು. ಸರದಿ ನನ್ನದು. ನಾನು ಗೋಡೆಯಿಂದ ವೈರು ಕಿತ್ತೆ.

ಕಣ್ಣು ಉಳಿಯಲಿಲ್ಲ. ಲಾಳಿ ಹೊಡೆಯುವ ತೊಗಲಿನ ಪಟ್ಟಿ ಸವೆದಿತ್ತು, ಅದನ್ನು ಬದಲಾಯಿಸದೆ ಮುಂದೂಡಿದ್ದರಿಂದಲೇ ಹೀಗಾಯಿತು ಎಂದು ಅಪ್ಪ ತನಗೆ ತಾನೇ ತೀರ್ಮಾನ ಮಾಡಿಕೊಂಡ. ಮೂರನೇ ಮಗ್ಗವನ್ನು ಮತ್ತೆ ಓಡಿಸಲಿಲ್ಲ. ಆಮೇಲೆ ಉಳಿದ ಮೂರನ್ನೂ ಗುಜರಿಗೆ ಹಾಕಿ ನೂಲಿಗೆ ಬಣ್ಣ ಹಾಕುವ ಮನೆಯೊಂದಕ್ಕೆ ಕೂಲಿಗೆ ಹೋದ. ಅಡುಗೆಮನೆಯ ತಟ್ಟೆಗಳು ನಡುಗುವುದು ನಿಂತಿತು. ಎಷ್ಟು ಬೇಕಾದರೂ ಮಾತಾಡಬಹುದಾಗಿತ್ತು, ಆದರೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಶಿವು ಎಡಗಡೆಯಿಂದ ಬಂದವರನ್ನು ಗಮನಿಸದೆ ಬೆಚ್ಚಿದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಕೊನೆಗಾಲದಲ್ಲಿ ಅಪ್ಪ ನಾನು ಮದುವೆಯಾಗಿ ಬಂದ ಮನೆಯಲ್ಲೇ ಇದ್ದ. ಒಂದು ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. "ಒಂದು ಪಟ್ಟಿ ಕಣಮ್ಮ" ಎಂದ. "ಒಂದು ಪಟ್ಟಿ ಬದಲಾಯಿಸಿದ್ರೆ ಹುಡುಗನ್ ಕಣ್ಣು ಉಳೀತಿತ್ತು." ಚಮಚ ನನ್ನ ಕೈಯಲ್ಲೇ ಇತ್ತು. ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ನಾನು, "ಗಂಜಿ ಆರೋಗುತ್ತೆ, ಕುಡಿಯಪ್ಪ" ಎಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆ ಆರು ದಿನ ಅಂದುಕೊಂಡೆ. ಏಳನೇ ದಿನ ಅಪ್ಪ ಇರಲಿಲ್ಲ.

ತಿಥಿ ಮುಗಿದ ಮೇಲೆ ಶಿವುವಿನ ಹತ್ತಿರ ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಲೋಟವನ್ನು ನಿಧಾನವಾಗಿ ಕೆಳಗಿಟ್ಟ.

"ದಾರ ಬಿಚ್ಚಿದ್ದು ನಾನೇ ಅಲ್ವಾ ಅಕ್ಕ, ನಂಗ್ಯಾಕೆ ಹೇಳ್ತೀಯ" ಎಂದ. "ಅಪ್ಪಂಗೆ ಹೇಳ್ತೀಯ ಅಂತ ಕಾಯ್ತಾ ಇದ್ದೆ."

"ನೀನೇ ಹೇಳ್ಬಿಡ್ಬಾರ್ದಿತ್ತಾ?"

"ನಿನ್ ಸರದೀಲಿ ನಾನ್ ಹೆಂಗ್ ಆಡ್ಲಿ?"

ಸಿಟ್ಟಿನಲ್ಲಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಮ್ಮ ಮನೆ ಇದ್ದ ಜಾಗದಲ್ಲಿ ಈಗ ಟೈಲ್ಸ್ ಅಂಗಡಿ ಇದೆ. ಮೊನ್ನೆ ಮಿಷನ್ನು ತೆಗೆದುಕೊಂಡು ಆ ಬೀದಿಯಲ್ಲೇ ಬಂದೆ. ಹಿಂದಿನ ಸಂದಿಯಲ್ಲಿ ಯಾರದೋ ಮನೆಯ ಮಗ್ಗಗಳು ಓಡುತ್ತಿದ್ದವು. ಅವುಗಳಲ್ಲಿ ಒಂದು ನಿಂತಿತು. ನಾನೂ ನಿಂತೆ. ನಿಮ್ಮ ಮನೆಯಲ್ಲೂ ಮಗ್ಗ ಇದ್ದಿದ್ದರೆ ನಿಮಗೆ ಗೊತ್ತಿರುತ್ತದೆ, ಒಂದು ನಿಂತಾಗ ಉಳಿದವುಗಳ ಸದ್ದೇ ಬೇರೆಯಾಗಿಬಿಡುತ್ತದೆ. ಜಗುಲಿಯಿಂದ ಯಾರಾದರೂ ಎದ್ದು ಬಂದು ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಯಾರೂ ಕೇಳಲಿಲ್ಲ.

ಮೂರನೆಯದು ತಾನಾಗಿ ನಿಲ್ಲಲಿಲ್ಲ ಅಪ್ಪ. ಅದು ನಿಲ್ಲದ ಹಾಗೆ ನಾನು ಕಟ್ಟಿದ್ದೆ.