ಕೆರೆಯ ಮೇಲಿನ ಗೆರೆ

ನಿಮ್ಮ ಅವ್ವ ಓಡುವುದನ್ನು ನೀವಿಬ್ಬರೂ ನೋಡಿಲ್ಲ. ಅವಳು ಓಡುವ ಹೊತ್ತಿಗೆ ನೀವು ಒಂದೇ ಕೌದಿಯೊಳಗೆ ಅಪ್ಪನ ಎಡಕ್ಕೊಬ್ಬರು ಬಲಕ್ಕೊಬ್ಬರು ಮಲಗಿರುತ್ತಿದ್ದಿರಿ. ನೋಡಿದವಳು ನಾನೊಬ್ಬಳೇ, ನಿಮ್ಮ ಅಜ್ಜಿ. ಬಾಯಿಬಿಟ್ಟು ಹೇಳು ಎಂದರೆ ನನಗೆ ಎರಡು ಮಾತಿನ ಮೇಲೆ ಮೂರನೆಯದು ಹೊರಡುವುದಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇಷ್ಟಕ್ಕಾದರೂ ಬರಲಿ ಎಂದು ಬರೆಯುತ್ತಿದ್ದೇನೆ.

ಅವಳಿಗೆ ಫಾರೆಸ್ಟ್ ಗಾರ್ಡ್ ಆಗಬೇಕಿತ್ತು. ಇಬ್ಬರು ಮಕ್ಕಳಾದ ಮೇಲೆ ಈ ಆಸೆ ಯಾಕೆ ಎಂದು ಕೇಳಿದವರನ್ನು ನೋಡಿ ಅವಳು ನಕ್ಕುಬಿಡುತ್ತಿದ್ದಳು. ಓದಿದ ಅಂಕಗಳು ಅವಳಿಗೆ ಇದ್ದವು. ಓಟದಲ್ಲಿ ಮಾತ್ರ ಪಾಸಾಗಬೇಕಿತ್ತು. ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಆ ಸಲ ತಪ್ಪಿದರೆ ಮತ್ತೊಂದು ಸಲ ಇರಲಿಲ್ಲ.

ಬಸವಕಲ್ಯಾಣದಲ್ಲಿ ಒಬ್ಬರು ಸರ್ ಇದ್ದರು. ಸೈನ್ಯದ ನೌಕರಿ ಮುಗಿಸಿ ಊರಿಗೆ ಬಂದ ಮುಸಲ್ಮಾನರು, ಬಿಳಿ ಗಡ್ಡ, ನೆಟ್ಟಗೆ ನಿಲ್ಲುವವರು. ಇಂಥ ಪರೀಕ್ಷೆಗಳಿಗೆ ಹೋಗುವ ಮಕ್ಕಳನ್ನು ಪ್ರತಿ ಭಾನುವಾರ ಮೈದಾನದಲ್ಲಿ ಓಡಿಸುತ್ತಿದ್ದರು. ನಾವು ಹುಮನಾಬಾದಿನ ಪಕ್ಕದ ಹಳ್ಳಿಯವರು, ದಿನಾ ಅಲ್ಲಿಗೆ ಹೋಗಿಬರುವುದು ಆಗದ ಮಾತು. ಹಾಗೆ ದೂರದಿಂದ ಬರುವವರಿಗೆ ಅವರು ಒಂದೊಂದು ಕೈಗಡಿಯಾರ ಕೊಡುತ್ತಿದ್ದರು. ಉಳಿದ ದಿನ ಅವರವರ ಊರಲ್ಲೇ ಓಡಬೇಕು. ಎಲ್ಲಿ ಓಡಿದರು, ಎಷ್ಟು ಜೋರಾಗಿ ಓಡಿದರು ಎನ್ನುವುದನ್ನೆಲ್ಲ ಗಡಿಯಾರ ಫೋನಿಗೆ ಕಳಿಸುತ್ತದೆ, ಫೋನಿನಿಂದ ಅದು ಅವರಿಗೆ ಹೋಗುತ್ತದೆ. ಅವರದು ಒಂದೇ ಕಾಯಿದೆ. ಓಡದೆ ಓಡಿದೆ ಎಂದವರು ಗಡಿಯಾರ ವಾಪಸು ಕೊಟ್ಟು ಮನೆಗೆ ಹೋಗಬೇಕು.

ಆ ಗಡಿಯಾರವನ್ನು ನಾನು ಮೊದಲು ನೋಡಿದಾಗ ಕಪ್ಪು ರಬ್ಬರಿನ ಪಟ್ಟಿ, ಮಾಸಿದ ಗಾಜು, ಪಕ್ಕಕ್ಕೆ ಗುಂಡಿಗಳು, ಅಷ್ಟೇ ಕಂಡಿತು. ಅದರ ಗುಣ ಆಮೇಲೆ ತಿಳಿಯಿತು. ಓಟ ಶುರು ಮಾಡುವ ಮೊದಲು ನಿಮ್ಮ ಅವ್ವ ಬೇವಿನ ಮರದ ನೆರಳು ಬಿಟ್ಟು ಬಯಲಿಗೆ ಬಂದು, ಕೈ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು.

"ಏನ್ ಮಾಡಾಕತ್ತಿ?" ಎಂದು ಕೇಳಿದೆ.

"ಅದು ಆಕಾಶ ಹುಡಕಾಕತ್ತದ್ರಿ, ಅತ್ತಿ. ಮ್ಯಾಲ ಉಪಗ್ರಹ ತಿರಗತಾವ, ಅವು ಸಿಕ್ಕ ಮ್ಯಾಲ ನಾ ಎಲ್ಲಿ ಅದೀನಿ ಅಂತ ಇದಕ್ಕ ತಿಳೀತದ."

ಆಗ ಗಡಿಯಾರ ಸಣ್ಣಗೆ ನಡುಗುತ್ತಿತ್ತು. ಅವಳು ಹೊರಡುತ್ತಿದ್ದಳು. ನಾನು ಕೆರೆಯ ಏರಿ ಶುರುವಾಗುವಲ್ಲಿ ಒಂದು ಕಲ್ಲಿನ ಮೇಲೆ ಕೂತಿರುತ್ತಿದ್ದೆ. ಒಬ್ಬಳೇ ಹೆಣ್ಣುಮಗಳು ಬೆಳಗಿನ ಮಬ್ಬಿನಲ್ಲಿ ಓಡುವುದೆಂದರೆ ಜೊತೆಗೊಬ್ಬರು ಬೇಕಲ್ಲ. ಅಲ್ಲಿಂದ ಏರಿ ಪೂರ್ತಿ ಕಾಣುತ್ತದೆ. ಕೆರೆ ಸುತ್ತಿ, ಕಬ್ಬಿನ ಗದ್ದೆಗಳ ಪಕ್ಕದ ದಾರಿ ಹಿಡಿದು ಮತ್ತೆ ನನ್ನ ಕಲ್ಲಿಗೆ ಬಂದರೆ ಒಂದು ಸುತ್ತು.

ಮನೆಗೆ ಬಂದ ಮೇಲೆ ಫೋನಿನಲ್ಲಿ ಅವಳು ನನಗೆ ಗೆರೆ ತೋರಿಸುತ್ತಿದ್ದಳು. ನಮ್ಮ ಓಣಿ, ಏರಿ, ಕಬ್ಬಿನ ದಾರಿ ಎಲ್ಲವನ್ನೂ ಮೇಲಿನಿಂದ ನೋಡಿ ಬರೆದ ಹಾಗೆ ಒಂದು ಕೆಂಪು ಗೆರೆ. ನಾಯಿಗಳಿಗೆ ಹೆದರಿ ಅವಳು ಒಂದು ಕಡೆ ಬದುವಿಗೆ ಸರಿದದ್ದೂ ಅದರಲ್ಲಿ ಬಿದ್ದಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ತುಳಿದ ಊರು. ಅದರ ಆಕಾರ ಹೀಗಿದೆ ಎಂದು ಆ ದಿನದವರೆಗೆ ನನಗೆ ಗೊತ್ತಿರಲಿಲ್ಲ. ಎದೆಯ ಬಡಿತವನ್ನೂ ಅದು ಎಣಿಸುತ್ತಿತ್ತು. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ದೂರದ ಆಕಾಶವೂ ತಿಳಿಯಬೇಕು, ಇಷ್ಟು ಹತ್ತಿರದ ಎದೆಯೂ ತಿಳಿಯಬೇಕು! ನಾನಂತೂ ಅದನ್ನು ದೇವರ ಜಗಲಿಯ ಪಕ್ಕದಲ್ಲೇ ಚಾರ್ಜಿಗೆ ಇಡಿಸಿದೆ.

ಹೀಗಿರುವಾಗ ಒಂದು ದಿನ ಸರ್ ಫೋನು ಮಾಡಿದರು. ಅವಳು ಸ್ಪೀಕರಿಗೆ ಹಾಕಿದಳು.

"ಬೇಟಿ, ನಿಮ್ಮೂರಾಗ ಕೆರಿ ಬತ್ತ್ಯಾದೇನು?"

"ಇಲ್ರಿ ಸರ, ತುಂಬ್ಯಾದ್ರಿ."

"ಮತ್ತ ನೀ ನೀರಿನ ಮ್ಯಾಲ ಹ್ಯಾಂಗ ಓಡಿದಿ?"

ಅವಳಿಗೆ ತಿಳಿಯಲಿಲ್ಲ. ಫೋನಿನಲ್ಲಿ ನೋಡಿದರೆ ಗೆರೆ ಏರಿಯ ಈ ತುದಿಯಿಂದ ಆ ತುದಿಗೆ, ಕೆರೆಯ ನಡುವೆ, ಹಗ್ಗ ಎಳೆದಂತೆ ನೆಟ್ಟಗೆ ಹೋಗಿತ್ತು. ಹಿಂದಿನ ದಿನದ್ದೂ ಹಾಗೆಯೇ ಇತ್ತು.

"ನಡಕ ಗಡಿಯಾರ ನಿಲ್ಲಿಸಿ, ಆರಾಮ್ ಮಾಡಿ, ಆಮ್ಯಾಲ ಮತ್ತ ಚಾಲೂ ಮಾಡೀದಿ. ಇಂಥಾವು ಬಹಳ ನೋಡೀನಿ ನಾ. ಭಾನುವಾರ ಬರುವಾಗ ಗಡಿಯಾರ ತಗೊಂಡ ಬಾ."

ಫೋನು ಇಟ್ಟ ಮೇಲೆ ಅವಳು ಅಳಲಿಲ್ಲ. "ನಾ ನಿಂತಿಲ್ರಿ, ಅತ್ತಿ," ಎಂದಳು. ನನಗೆ ಗೊತ್ತಿತ್ತು, ನಾನು ಕಲ್ಲಿನ ಮೇಲೆ ಕೂತು ನೋಡಿದವಳು. ಆದರೆ ಗಡಿಯಾರವೂ ಇದುವರೆಗೆ ಸುಳ್ಳು ಹೇಳಿರಲಿಲ್ಲ. ಯಾರನ್ನು ನಂಬುವುದು?

ಶನಿವಾರ ಓಡಿ ಬಂದವಳೇ, ನೀವು ಏಳುತ್ತೀರೆಂದು ಗಡಿಯಾರ ನಿಲ್ಲಿಸದೆ, ಬಿಚ್ಚದೆ ರೊಟ್ಟಿ ಬಡಿಯಲು ಕೂತಳು. ನಾನು ಒಲೆಯ ಮುಂದೆ ಇದ್ದೆ. ಅವಳು ರೊಟ್ಟಿ ಬಡಿದಂತೆಲ್ಲ ಗಡಿಯಾರ ಹೆಜ್ಜೆ ಎಣಿಸುತ್ತಿತ್ತು. "ನೋಡ್ರಿ ಅತ್ತಿ, ಜ್ವಾಳದ ಹಿಟ್ಟಿನ ಮ್ಯಾಲ ಎಷ್ಟ ದೂರ ನಡದೀನಿ," ಎಂದು ಆ ದುಃಖದಲ್ಲೂ ನಕ್ಕಳು. ನಾನು ಬಗ್ಗಿ ನೋಡುತ್ತಿದ್ದೆ. ಅವಳು ಆ ವಾರವಷ್ಟೇ ಹೊಸದಾಗಿ ಹಾಕಿಸಿಕೊಂಡ ಹಸಿರು ಗಾಜಿನ ಬಳೆಗಳು ಒಮ್ಮೆ ಹಿಂದೆ ಹೋಗುತ್ತಿದ್ದವು, ಒಮ್ಮೆ ಜಾರಿ ಬಂದು ಗಡಿಯಾರಕ್ಕೆ ಬಡಿಯುತ್ತಿದ್ದವು. ಒಂದು ಬಳೆ ಗುಂಡಿಯ ಮೇಲೆ ಬಿತ್ತು. ಗಡಿಯಾರ ಸಣ್ಣಗೆ ನಡುಗಿತು. ಎಣಿಕೆ ನಿಂತಿತು.

ಇಬ್ಬರೂ ಮುಖ ಮುಖ ನೋಡಿದೆವು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಏರಿಯ ಎರಡೂ ತುದಿಗೆ ದಾರಿ ಏರು ತಗ್ಗು. ಅಲ್ಲಿ ಅವಳು ಕೈ ಜೋರಾಗಿ ಬೀಸುತ್ತಿದ್ದಳು. ಒಂದು ತುದಿಯಲ್ಲಿ ಬಳೆ ಒತ್ತಿ ಗಡಿಯಾರ ನಿಲ್ಲುತ್ತಿತ್ತು, ಇನ್ನೊಂದು ತುದಿಯಲ್ಲಿ ಬಳೆಯೇ ಒತ್ತಿ ಮತ್ತೆ ಶುರುವಾಗುತ್ತಿತ್ತು. ನಡುವಿನ ಓಟ ಅದಕ್ಕೆ ಕಂಡಿರಲಿಲ್ಲ. ಕಂಡ ಎರಡು ಜಾಗವನ್ನು ಅದು ಕೂಡಿಸಿ ಗೆರೆ ಎಳೆದಿತ್ತು. ಅದರದೇನೂ ತಪ್ಪಿಲ್ಲ.

ಭಾನುವಾರ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಹೋಗುವಾಗ ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಲಿತೆ. ಮೈದಾನದಲ್ಲಿ ಸರ್ ಕೈ ಚಾಚಿ ಗಡಿಯಾರ ಕೇಳಿದರು. ಅವಳು ಬಿಚ್ಚತೊಡಗಿದಳು. ಸುತ್ತ ಹುಡುಗ ಹುಡುಗಿಯರು ನಿಂತಿದ್ದರು. ಕಲಿತ ಮಾತೆಲ್ಲ ಹೋಗಿ ನನ್ನ ಬಾಯಿಂದ ಬಂದದ್ದು ಇಷ್ಟೇ: "ಬಿಚ್ಚಬ್ಯಾಡ. ರೊಟ್ಟಿ ಬಡಿ."

"ಏನ್ರಿ ಅವ್ವಾರ?" ಎಂದರು ಸರ್.

"ಆಕಿ ನಿಂತಿಲ್ರಿ ಸರ. ನಾ ದಿನಾ ಕಲ್ಲಿನ ಮ್ಯಾಲ ಕುಂತ ನೋಡ್ತೀನ್ರಿ. ಬಳಿ ನಿಲ್ಲಸ್ಯಾವ್ರಿ."

ಅವಳು ಅಲ್ಲೇ ನೆಲದ ಮೇಲೆ ಕೂತು, ಗಡಿಯಾರ ಚಾಲೂ ಮಾಡಿ, ಪರಾತದ ತಟ್ಟೆ ಇಲ್ಲದೆ, ಹಿಟ್ಟಿಲ್ಲದೆ ರೊಟ್ಟಿ ಬಡಿದಳು. ಹುಡುಗರು ಕಿಸಕ್ಕೆಂದರು. ಸರ್ ಮಾತ್ರ ನಗದೆ ಬಗ್ಗಿ ನೋಡಿದರು. ಬಹಳ ಹೊತ್ತೇನೂ ಬೇಕಾಗಲಿಲ್ಲ. ಗಡಿಯಾರ ನಿಂತಿತು, ಇನ್ನಷ್ಟು ಬಡಿದ ಮೇಲೆ ಮತ್ತೆ ಶುರುವಾಯಿತು. ಅವರು ಗಡ್ಡ ನೀವಿಕೊಂಡರು.

"ತೌಬಾ! ಫೌಜಿನಾಗ ಇಷ್ಟ ವರ್ಷ ಇದ್ದೆ. ಬಳಿ ಹಾಕ್ಕೊಂಡ ಓಡಿದ ಸಿಪಾಯಿನ ಒಬ್ಬನ್ನೂ ನೋಡಿಲ್ಲ ನೋಡ್ರಿ. ಮಾಫ್ ಮಾಡು ಬೇಟಿ. ನಾಳಿಗಿಂದ ಈ ಕೈಯಾನ ಬಳಿ ತಗದಿಟ್ಟು ಓಡು."

ಅದನ್ನು ಅವರು ಎಷ್ಟು ಹಗುರಾಗಿ ಹೇಳಿದರು! ನಿಮ್ಮ ಅವ್ವ ನನ್ನ ಕಡೆ ನೋಡಿದಳು. ನಮ್ಮಲ್ಲಿ ಗಂಡನಿದ್ದವಳ ಕೈ ಬರಿದಾಗಬಾರದು. ಬರಿದಾದ ಕೈ ನನ್ನದು. ಅವಳ ಗಂಡ ಎಂದರೆ ನನ್ನ ಮಗ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವವನು, ಕತ್ತಲಾಗುವ ತನಕ ರಸ್ತೆಯ ಮೇಲೆ ಇರುವವನು. ತೆಗಿ ಎಂದು ನಾನು ಹೇಳದಿದ್ದರೆ ಅವಳು ತೆಗೆಯುತ್ತಿರಲಿಲ್ಲ. ಆ ದಿನ ಬಸ್ಸು ಹುಮನಾಬಾದ್ ಮುಟ್ಟುವ ತನಕ ನಾನು ಅವಳ ಬಳೆಗಳನ್ನೇ ನೋಡುತ್ತ ಕೂತೆ. ಇಳಿಯುವಾಗ ಹೇಳಿದೆ.

"ನಾ ಎರಡೂ ಕೈ ತುಂಬ ಹಾಕ್ಕೊಂಡಿದ್ದೆ, ಯವ್ವಾ. ನಿಮ್ಮ ಮಾವ ಹೋಗೋದ ಹೋದ್ರು. ತಗದ ಓಡು."

ಮಾಣಿಕನಗರದ ಬಳೆ ಅಂಗಡಿಯಲ್ಲಿ ಒಂದು ಅಳತೆ ದೊಡ್ಡ ಬಳೆ ಕೊಂಡೆವು, ಸೋಪು ಹಚ್ಚದೆ ದಿನಾ ತೆಗೆದು ಹಾಕಲು ಬರುವಂತೆ. ಓಡುವ ಮೊದಲು ಅವಳು ಎಡಗೈ ಬಳೆ ಕಳಚಿ ನನಗೆ ಕೊಡುತ್ತಿದ್ದಳು, ನಾನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂಡುತ್ತಿದ್ದೆ. ಪಕ್ಕದ ಮನೆಯಾಕೆ ಒಮ್ಮೆ ಎಮ್ಮೆ ಹೊಡೆದುಕೊಂಡು ಹೋಗುವಾಗ ನಿಂತಳು.

"ಯಕ್ಕಾ, ಮಗ ಇನ್ನೂ ಗಟ್ಟಿ ಅದಾನ, ಸೊಸಿ ಕೈ ಯಾಕ ಬರೀ ಮಾಡೀದಿ?"

ನಾನು ತಲೆ ತಗ್ಗಿಸಿದೆ. ರಾತ್ರಿ ಊಟಕ್ಕೆ ಕೂತಾಗ ಈ ಮಾತು ಮಗನ ಕಿವಿಗೆ ಬಿತ್ತು. "ಆಕಿಗಿ ಹೇಳವ್ವಾ, ದಿನಾ ಬೆಳಿಗ್ಗಿ ಫೋನ್ ಮಾಡಿ ಜೀವಂತ ಅದೀನಿ ಅಂತ ತಿಳಸ್ತೀನಿ," ಎಂದು ಅವನು ಇನ್ನೊಂದು ರೊಟ್ಟಿ ಕೇಳಿದ. ಅಲ್ಲಿಗೆ ಆ ಮಾತು ಮುಗಿಯಿತು.

ಕೆರೆಯ ಮೇಲಿನ ಗೆರೆ ಮತ್ತೆ ಬರಲಿಲ್ಲ. ಏರಿಯ ಬಾಗು ಇದ್ದ ಹಾಗೇ ಬಾಗಿ ಬರುತ್ತಿತ್ತು. ಗಡಿಯಾರ ಅವಳಿಗೆ ಕಲಿಸಿದ್ದನ್ನು ನಾನು ಕಲ್ಲಿನ ಮೇಲಿಂದಲೇ ಕಂಡೆ. ಮೊದಲೆಲ್ಲ ಹೊರಟ ಕೂಡಲೇ ಜೋರು ಓಡಿ ಕಬ್ಬಿನ ದಾರಿಯಲ್ಲಿ ಏದುಸಿರು ಬಿಡುತ್ತಿದ್ದಳು. ಈಗ ಮಣಿಕಟ್ಟು ನೋಡಿ ತನ್ನನ್ನು ತಾನೇ ತಡೆದು ಓಡುತ್ತಿದ್ದಳು, ಕೊನೆಗೆ ನನ್ನ ಕಲ್ಲು ಕಂಡಾಗ ಬಿಟ್ಟ ಬಾಣ. ಬರಬರುತ್ತ ಮಣಿಕಟ್ಟು ನೋಡುವುದೇ ಕಡಿಮೆಯಾಯಿತು. ನೋಡದೆಯೇ ಅವಳಿಗೆ ತಿಳಿಯುತ್ತಿತ್ತು.

ಪರೀಕ್ಷೆ ಬೀದರಿನ ಮೈದಾನದಲ್ಲಿ. ಒಳಗೆ ಗಡಿಯಾರ ಕಟ್ಟಿಕೊಂಡು ಹೋಗುವಂತಿಲ್ಲ ಎಂದು ಗೇಟಿನಲ್ಲೇ ಹೇಳಿಬಿಟ್ಟರು. ಅವಳು ಬಿಚ್ಚಿ ನನ್ನ ಕೈಗೆ ಕೊಟ್ಟಳು. ಆಮೇಲೆ ನನ್ನ ಸೆರಗಿನ ಗಂಟು ತಾನೇ ಬಿಚ್ಚಿ ಬಳೆ ಹಾಕಿಕೊಂಡಳು.

"ಇವತ್ತ ಹಾಕ್ಕೊಂಡ ಓಡ್ತೀನ್ರಿ ಅತ್ತಿ. ಒತ್ತಾಕ ಗುಂಡಿ ಇಲ್ಲಲ್ಲ."

ಗಡಿಯಾರ ಎಲ್ಲಿ ಇಟ್ಟುಕೊಳ್ಳಲಿ? ಸೆರಗಿಗೆ ಕಟ್ಟಿದರೆ ಭಾರಕ್ಕೆ ಜಾರುತ್ತದೆ. ಯಾರೂ ನೋಡದಂತೆ ಮಣಿಕಟ್ಟಿಗೆ ಕಟ್ಟಿಕೊಂಡೆ. ನಿಮ್ಮ ಅಜ್ಜ ಹೋದ ಮೇಲೆ ಆ ಕೈಗೆ ಏನನ್ನೂ ಹಾಕಿರಲಿಲ್ಲ. ತಂತಿ ಬೇಲಿಯ ಆಚೆ ಸೀಟಿ ಊದಿದರು. ಗುಂಪಿನಲ್ಲಿ ಅವಳು ಎಲ್ಲರ ಹಿಂದೆ ಉಳಿದಳು. ನನ್ನ ಪಕ್ಕದಲ್ಲಿದ್ದ ಹೆಂಗಸು ಅಯ್ಯೋ ಎಂದಳು. ನಾನು ಅನ್ನಲಿಲ್ಲ, ತಡೆದು ಓಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಆದರೂ ಗಡಿಯಾರದ ಕಡೆ ಕಣ್ಣು ಹೋದಾಗ ಎದೆಬಡಿತದ ಅಂಕಿ ಅವಳು ಏರಿ ಹತ್ತುವಾಗ ತೋರಿಸುತ್ತಿದ್ದಷ್ಟೇ ಇತ್ತು. ಕೂತಲ್ಲೇ ನಾನೂ ಓಡುತ್ತಿದ್ದೆ. ಕೊನೆಯ ತಿರುವಿನಲ್ಲಿ ಅವಳು ಒಬ್ಬೊಬ್ಬರನ್ನೇ ದಾಟಿ ಬಂದಳು. ಬೇಲಿಯ ಹತ್ತಿರ ಹಾಯುವಾಗ ಬಳೆಗಳ ಸದ್ದು ನನಗೆ ಕೇಳಿಸಿತು.

ಪಾಸಾದಳು. ನೌಕರಿಯ ಆದೇಶ ಬಂದು, ತಿಂಗಳುಗಟ್ಟಲೆ ತರಬೇತಿಗೆ ಹೋದಳು. ಅಲ್ಲಿ ಗಾಜಿನ ಬಳೆ ನಡೆಯುವುದಿಲ್ಲವೆಂದು ನನ್ನ ಹತ್ತಿರ ಬಿಟ್ಟುಹೋದಳು. ಗಡಿಯಾರ ವಾಪಸು ಕೊಡಲು ಹೋದಾಗ ಸರ್ ತೆಗೆದುಕೊಳ್ಳಲಿಲ್ಲ. "ಅವ್ವಾರಿಗಿ ಕೊಡು ಬೇಟಿ. ದಿನಾ ಕಲ್ಲಿನ ಮ್ಯಾಲ ಕುಂತ್ರ ಮೊಣಕಾಲ ಹಿಡೀತಾವ, ನಡೀಲಿ," ಎಂದಿದ್ದರು. ಹಾಗಾಗಿ ನಾನು ಬೆಳಗ್ಗೆ ಅದನ್ನು ಕಟ್ಟಿಕೊಂಡು, ಬಯಲಿಗೆ ಬಂದು, ಆಕಾಶ ಸಿಗುವ ತನಕ ನಿಂತು, ಕೆರೆ ಸುತ್ತಲು ಕಲಿತೆ. ನನ್ನ ಗೆರೆ ಮನೆಯ ಫೋನಿನಿಂದ ಅವಳ ಫೋನಿಗೆ ಹೋಗಿ ಅವಳಿಗೂ ಕಾಣುತ್ತಿತ್ತು.

ಒಂದು ಸಂಜೆ ಅವಳ ಫೋನು ಬಂತು. ನಿಮ್ಮ ಊಟ, ಶಾಲೆ ಎಲ್ಲ ಕೇಳಿ ಆದ ಮೇಲೆ ದನಿ ಇಳಿಸಿದಳು.

"ಅತ್ತಿ, ಇವತ್ತ ನೀವು ನೀರಿನ ಮ್ಯಾಲ ನಡದೀರಿ."

ಆ ದಿನ ಬೆಳಗಿನ ಮಬ್ಬಿನಲ್ಲಿ, ಏರಿಯ ಮೇಲೆ ಯಾರೂ ಇಲ್ಲದ್ದು ನೋಡಿ, ಸೆರಗಿನ ಗಂಟಿನಿಂದ ಅವಳ ಎರಡು ಹಸಿರು ಬಳೆ ತೆಗೆದು ಹಾಕಿಕೊಂಡಿದ್ದೆ. ಸೆರಗು ಮುಚ್ಚಿಯೇ ನಡೆದಿದ್ದೆ.

"ಬಳಿ ಹಾಕ್ಕೊಂಡಿದ್ರೇನು?"

"ಹೂಂ ಯವ್ವಾ," ಎಂದೆ.

"ಅವು ನಿಮಗ ದೊಡ್ಡ ಆಗ್ತಾವ, ಅದಕ್ಕ ಗುಂಡಿ ಒತ್ತ್ಯಾವ್ರಿ. ನಾ ಬರುವಾಗ ನಿಮ್ಮ ಅಳತಿವು ತರ್ತೀನಿ."