ಗೋರೆಗಾಂವಿನ ಜಡೆಕೋಲಾಟ

ನವರಾತ್ರಿ ಬಂತೆಂದರೆ ಗೋರೆಗಾಂವಿನ ನಮ್ಮ ಸೊಸೈಟಿಯ ಕಾರುಗಳಿಗೆಲ್ಲ ವನವಾಸ. ಪಾರ್ಕಿಂಗ್ ಜಾಗವನ್ನು ಖಾಲಿ ಮಾಡಿ, ಹಸಿರು ಕಾರ್ಪೆಟ್ ಹಾಸಿ, ಒಂದು ಬದಿಗೆ ದೇವಿಯನ್ನು ಕೂರಿಸಿ ಗರಬಾ ಶುರು ಮಾಡುತ್ತಾರೆ. ಗುಜರಾತಿ, ಮರಾಠಿ, ಸಿಂಧಿ ಎಂಬ ಭೇದವಿಲ್ಲದೆ ಇಡೀ ಬಿಲ್ಡಿಂಗ್ ಕುಣಿಯುತ್ತದೆ. ಅಂಥ ಒಂದು ಸಂಜೆ, ಗರಬಾಕ್ಕೂ ಮೊದಲು, ನಾವು ಕನ್ನಡದ ಹೆಂಗಸರು ಜಡೆಕೋಲಾಟ ಆಡುತ್ತೇವೆ. ಈ ಸಂಜೆಯನ್ನು ಕಮಿಟಿಯವರು ತಾವಾಗಿ ಕೊಟ್ಟದ್ದಲ್ಲ. ಮೀಟಿಂಗಿನಲ್ಲಿ ನಾನು ಗಂಟಲು ಹರಿದುಕೊಂಡು ಗಿಟ್ಟಿಸಿದ್ದು. ಹಾಗೆಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಜಡೆಕೋಲಾಟ ನೋಡದವರಿಗೆ ಒಂದು ಮಾತು ಹೇಳಿಬಿಡಬೇಕು. ಎತ್ತರದಲ್ಲಿ ಒಂದು ಕಬ್ಬಿಣದ ಬಳೆ ಕಟ್ಟಿ ಅದರಿಂದ ಎಂಟು ಬಣ್ಣದ ಹಗ್ಗಗಳನ್ನು ಇಳಿಬಿಡುತ್ತಾರೆ. ಎಂಟು ಹೆಂಗಸರು ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದರಲ್ಲಿ ಕೋಲು ಹಿಡಿದು ಸುತ್ತ ನಿಲ್ಲುತ್ತಾರೆ. ನಾಲ್ವರು ಬಲಕ್ಕೆ ಹೊರಟರೆ ನಾಲ್ವರು ಎಡಕ್ಕೆ. ಎದುರಾದವಳ ಕೋಲಿಗೆ ಕೋಲು ತಾಕಿಸಿ, ಒಬ್ಬಳ ಒಳಗಿಂದ, ಮುಂದಿನವಳ ಹೊರಗಿಂದ ಹಾಯುತ್ತ ಹೋದರೆ ತಲೆಯ ಮೇಲೆ ಹಗ್ಗಗಳು ತಾವೇ ಜಡೆಯಾಗುತ್ತವೆ. ಹೆಣೆಯುವುದು ಅಂಥ ಕಷ್ಟವಲ್ಲ. ಕಷ್ಟವೆಲ್ಲ ಇರುವುದು ಬಿಚ್ಚುವುದರಲ್ಲಿ. ಹಾಡು ತಿರುಗಿದ ಕೂಡಲೇ ಎಲ್ಲರೂ ಹಿಂದಿರುಗಿ, ಬಂದ ದಾರಿಯಲ್ಲೇ ವಾಪಸು ಹೋಗಬೇಕು. ಒಬ್ಬಳು ತಪ್ಪಿದರೂ ಜಡೆ ಗಂಟಾಗುತ್ತದೆ. ಹೆಣೆದ ಜಡೆಯನ್ನು ಬಿಚ್ಚದೆ ಆಟ ಮುಗಿಸುವಂತಿಲ್ಲ, ಹಾಡು ನಿಲ್ಲಿಸುವಂತಿಲ್ಲ. ಮಂಡ್ಯದ ಕಡೆ ನಾನು ಕಲಿತದ್ದೂ ಹೀಗೆಯೇ, ವಿಜಾಪುರದ ಕಡೆ ರೊಟ್ಟಿಯಕ್ಕ ಕಲಿತದ್ದೂ ಹೀಗೆಯೇ. ಮಿಕ್ಕ ಯಾವ ವಿಷಯದಲ್ಲೂ ನಮ್ಮಿಬ್ಬರಿಗೆ ಒಮ್ಮತವಿಲ್ಲ.

ರೊಟ್ಟಿಯಕ್ಕ ಎಂಬುದು ನಾವಿಟ್ಟ ಹೆಸರು. ಜೋಗೇಶ್ವರಿಯ ಚಾಲಿನಲ್ಲಿ, ಎಂದರೆ ವಠಾರದಲ್ಲಿ, ಅವಳ ಮನೆ. ಗಂಡ ಕಟ್ಟಡ ಕೆಲಸದ ಮೇಸ್ತ್ರಿ. ಅವಳು ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಕನ್ನಡದ ಮನೆಗಳಿಗೆ ತಂದುಕೊಡುತ್ತಾಳೆ. ಒಮ್ಮೆ ನಮ್ಮ ಬಾಗಿಲಿಗೆ ಬಂದವಳು, ನಾನು ಒಳಗೆ ಗುನುಗುತ್ತಿದ್ದ ಕೋಲಿನ ಪದವನ್ನು ಕೇಳಿ, "ಅದು ಹಂಗಲ್ಲರಿ" ಎಂದು ಹೊಸ್ತಿಲ ಮೇಲೆ ನಿಂತೇ ತಿದ್ದಿದಳು. ನನಗೆ ಮೈಯೆಲ್ಲ ಉರಿಯಿತು. ನಮ್ಮ ತಂಡ ಹುಟ್ಟಿದ್ದು ಆ ಜಗಳದಿಂದ. ಈಗ ಹಾಡು ಅವಳದು, ತಾಳ ಅವಳದು, ಹಾಗಾಗಿ ರಾಜ್ಯವೂ ಅವಳದೇ.

ಆ ರಾಜ್ಯದಲ್ಲಿ ಬೈಗುಳಕ್ಕೆ ಬರವಿಲ್ಲ. ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ಕಬ್ಬಿಣದ ತೊಲೆಗೆ ಹಗ್ಗ ಕಟ್ಟಿ ಅಭ್ಯಾಸ ಮಾಡುವಾಗ ಅವಳು ಯಾರನ್ನೂ ಬಿಡುವುದಿಲ್ಲ. "ಏ ಮೈಸೂರಕ್ಕಾ, ಬ್ಯಾಂಕಿನ್ಯಾಗ ಇಷ್ಟ ವರ್ಷ ಕುಂತ ಬಂದಿ, ಎಡಾ ಬಲಾ ಇನ್ನಾ ತಿಳಿವಲ್ದೇನು?" ಎಂದು ನನ್ನನ್ನೇ ಕೇಳಿದ್ದಾಳೆ; ಅವಳ ಪಾಲಿಗೆ ಮಂಡ್ಯವೂ ಮೈಸೂರೇ. "ಹೋಗೇ, ನಿನ್ನ ತಾಳ ಸರಿಯಿದ್ರೆ ನನ್ನ ಕಾಲೂ ಸರಿಯಿರುತ್ತೆ" ಎಂದು ನಾನೂ ತಿರುಗಿಸಿ ಕೊಟ್ಟಿದ್ದೇನೆ. ಹೊಸಬರು ಬಂದರೆ ಮಾತ್ರ ಅವಳ ಬಾಯಿಗೆ ಬೀಗ. "ಬರ್ರಿ, ನಿಂದರ್ರಿ, ಹಿಂಗ ಹೋಗ್ರಿ" ಎಂದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುತ್ತಾಳೆ. ಕೆಲವು ವಾರ ಕಳೆದ ಮೇಲೆ ಒಂದು ದಿನ "ಏ" ಎಂದು ಶುರುವಾಗುತ್ತದೆ. ಆಗ ಆ ಹೊಸಬಳು ತಂಡಕ್ಕೆ ಸೇರಿದಳೆಂದು ಲೆಕ್ಕ. ಕೆಲವರಿಗೆ ಆ ದಿನ ಬರುವುದೇ ಇಲ್ಲ. ಅವರು ಒಂದು ವರ್ಷ ಆಡಿ, ಮರ್ಯಾದೆಯಿಂದ ನಮಸ್ಕಾರ ಹೇಳಿಸಿಕೊಂಡು ಹೋಗಿಬಿಡುತ್ತಾರೆ.

ಹೋದ ವರ್ಷ ನನ್ನ ಮೊಣಕಾಲು ಕೈಕೊಟ್ಟಿತು. ಡಾಕ್ಟರು ಕುಣಿತದ ಮಾತೇ ಎತ್ತಬೇಡಿ ಎಂದರು. ಎಂಟನೆಯವಳಿಲ್ಲದೆ ಜಡೆಯಿಲ್ಲ. ಆಗ ನನ್ನ ಸೊಸೆ, "ಅತ್ತೆ, ನಾನು ಬರಲಾ?" ಎಂದಳು.

ಸೊಸೆ ಗುಜರಾತಿ ಮನೆಯವಳು. ಹುಟ್ಟಿದ್ದು, ಬೆಳೆದದ್ದು ಕಾಂದಿವಲಿಯಲ್ಲಿ. ವಿಕ್ರೋಳಿಯ ಒಂದು ಕಂಪನಿಯ ಆಫೀಸಿನಲ್ಲಿ ಕೆಲಸ. ಗರಬಾ ಅವಳಿಗೆ ನಡಿಗೆಯಷ್ಟೇ ಸಲೀಸು. ಗರಬಾದ ರಿಂಗಿನಲ್ಲಿ ಅವಳು ಇಳಿದರೆ ಜನ ಫೋನ್ ತೆಗೆದು ವಿಡಿಯೋ ಮಾಡುತ್ತಾರೆ. ಅಂಥವಳು ನಮ್ಮ ಕನ್ನಡದ ಕೂಟಗಳಲ್ಲಿ ಮಾತ್ರ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದಳು. ಎಲ್ಲರೂ ಅವಳಿಗೆ ಮೊದಲು ತಟ್ಟೆ ಕೊಡುತ್ತಿದ್ದರು, ಹಿಂದಿಯಲ್ಲಿ ಮಾತಾಡಿಸುತ್ತಿದ್ದರು, ಆಮೇಲೆ ತಮ್ಮ ತಮ್ಮಲ್ಲಿ ಕನ್ನಡದಲ್ಲಿ ನಗುತ್ತಿದ್ದರು. ಮದುವೆಯಾಗಿ ಮೂರು ವರ್ಷವಾದರೂ ಅವಳು ಅತಿಥಿಯೇ. ಒಂದು ದಿನ ಅವಳೇ, "ನಂಗೆ ಚೇರ್ ಬೇಡ ಅತ್ತೆ, ಕೆಲಸ ಕೊಡಿ" ಎಂದಿದ್ದಳು. ಅದಕ್ಕೇ ನಾನು ರೊಟ್ಟಿಯಕ್ಕನನ್ನು ಕೇಳಿದೆ. ಅವಳು ತಲೆ ಕೆರೆದುಕೊಂಡಳು.

"ಈ ವರ್ಷಕ್ಕ ನಿನ್ನ ಬದಲಿ ಅಂತ ನಡಿಸೂಣು. ಮುಂದಿನ ವರ್ಷಕ್ಕ ನಮ್ಮ ಜೋಗೇಶ್ವರಿ ಕಡಿಯಾಕಿ ಒಬ್ಬಾಕಿನ್ನ ನೋಡೀನಿ" ಎಂದಳು.

ಸೊಸೆಗೆ ನಾನು ಅದನ್ನು ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ, ಅವಳೇ ಕಂಡುಕೊಂಡಳು.

ಅಭ್ಯಾಸದಲ್ಲಿ ಹೆಣೆಯುವ ತನಕ ಅವಳನ್ನು ಮೀರಿಸುವವರಿಲ್ಲ. ಬಿಚ್ಚುವಾಗಲೇ ಗ್ರಹಚಾರ. ಗರಬಾದ ರಿಂಗು ಯಾವಾಗಲೂ ಒಂದೇ ಕಡೆಗೆ ಸುತ್ತುತ್ತದೆ. ಚಿಕ್ಕಂದಿನಿಂದ ಆ ಕಡೆಗೇ ಸುತ್ತಿದ ಕಾಲಿಗೆ ಹಿಂದಿರುಗುವುದೆಂದರೇನೆಂದು ಗೊತ್ತಿಲ್ಲ. ಹಾಡು ತಿರುಗುತ್ತಿತ್ತು, ಏಳು ಜನ ತಿರುಗುತ್ತಿದ್ದರು, ಇವಳು ಮುಂದಕ್ಕೇ ಹೋಗಿ ಎದುರಿನವಳಿಗೆ ಡಿಕ್ಕಿ ಹೊಡೆಯುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ರೊಟ್ಟಿಯಕ್ಕ ಅವರ ಏಳು ತಲೆಮಾರು ಎಣಿಸುತ್ತಿದ್ದಳು. ಇವಳು ತಪ್ಪಿದಾಗ ತಾಳ ನಿಲ್ಲಿಸಿ, ನನ್ನ ಕಡೆ ತಿರುಗಿ, "ನಿಮ್ಮ ಸೊಸಿಯಾರಿಗೆ ಸ್ವಲ್ಪ ಹೇಳ್ರಿ" ಎನ್ನುತ್ತಿದ್ದಳು. ನನಗೂ 'ರೀ' ಹಚ್ಚಿಬಿಡುತ್ತಿದ್ದಳು, ಬೀಗರ ಮನೆಗೆ ಬಂದವಳ ಹಾಗೆ.

ಒಂದು ಭಾನುವಾರ ಟೆರೇಸಿನಿಂದ ಇಳಿಯುವಾಗ ಸೊಸೆ ಲಿಫ್ಟಿನಲ್ಲಿ ಕೇಳಿದಳು. "ಅತ್ತೆ, ಅವರು ಎಲ್ಲರಿಗೂ ಬೈತಾರೆ. ನಂಗೆ ಯಾಕೆ ಬೈಯಲ್ಲ?"

"ಮರ್ಯಾದೆ ಕಣಮ್ಮ."

"ಮರ್ಯಾದೆ ನಂಗೆ ಬೇಡ" ಎಂದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ಹಿಂದಿಗೆ ಜಾರಿ, "ಸಬ್ ಕೇ ಜೈಸಾ ಡಾಂಟೇ ನಾ ಮುಝೇ ಭೀ" ಎಂದಳು. ಎಲ್ಲರಿಗೆ ಬೈದಂತೆ ಅವಳಿಗೂ ಬೈಯಬೇಕಂತೆ.

ನಾನು ಸೋಲುವ ಜಾತಿಯವಳಲ್ಲ. ಅವಳೂ ಅಲ್ಲವೆಂದು ಆಮೇಲೆ ತಿಳಿಯಿತು. ಆಫೀಸಿನಿಂದ ಲಿಂಕ್ ರೋಡಿನ ಟ್ರಾಫಿಕ್ಕಿನಲ್ಲಿ ನಜ್ಜುಗುಜ್ಜಾಗಿ ಬಂದು, ಊಟಕ್ಕೂ ಮೊದಲು ಹಾಲಿನಲ್ಲಿ ಸೋಫಾ ಸರಿಸಿ, ಫ್ಯಾನಿನ ಕೊಕ್ಕೆಗೆ ದುಪಟ್ಟಾ ಕಟ್ಟಿ, ನನ್ನ ಮಗನನ್ನು ಕಂಬದ ಹಾಗೆ ನಿಲ್ಲಿಸಿ ಅವನ ಸುತ್ತ ಹಿಂದಕ್ಕೆ ನಡೆಯುವುದನ್ನು ರೂಢಿ ಮಾಡಿಕೊಂಡಳು. ಮಗ ಗೊಣಗಿದ. ನಾನು ಕುರ್ಚಿಯಲ್ಲಿ ಕೂತು ತಾಳ ಹಾಕಿದೆ. ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಅವಳ ಕಾಲು ತಿರುಗಿತು. ಟೆರೇಸಿನಲ್ಲೂ ಜಡೆ ಒಂದು ತೊಡಕಿಲ್ಲದೆ ಬಿಚ್ಚಿಕೊಂಡಿತು. "ಚಲೋ ಆತ್ರಿ" ಎಂದಳು ರೊಟ್ಟಿಯಕ್ಕ. ಅಷ್ಟೇ.

ಆ ಸಂಜೆ ಬಂತು. ಪೆಂಡಾಲಿನ ನಡುವಿನ ಅಡ್ಡಬಿದಿರಿಗೆ ಬಳೆ ಕಟ್ಟಿಸಿದೆವು. ಹಗ್ಗಗಳೆಂದರೆ ನಿಜವಾಗಿ ನಮ್ಮ ಹಳೆಯ ಸೀರೆಗಳನ್ನು ಸೀಳಿ ಹೊಲಿದ ಪಟ್ಟಿಗಳು. ಕಾಂದಿವಲಿಯಿಂದ ಬೀಗಿತ್ತಿ, ಎಂದರೆ ಸೊಸೆಯ ತಾಯಿ, ಮಗಳ ಆಟ ನೋಡಲು ಬಂದಿದ್ದರು. ಒಳ್ಳೆಯ ಸೀರೆ, ಕೈತುಂಬ ಬಳೆ, ಮಡಿಲಲ್ಲಿ ಪರ್ಸು. ಮುಂದಿನ ಸಾಲಿನಲ್ಲಿ ನನ್ನ ಪಕ್ಕದಲ್ಲೇ ಕೂತರು. ಕುಣಿಯುವವರ ಪಾಳೆಯದಿಂದ ನೋಡುವವರ ಪಾಳೆಯಕ್ಕೆ ಬಂದು ಕೂತದ್ದು ನನಗೆ ಮೊದಲು ಚುಚ್ಚಿತು. ಆದರೆ ಎಂಟು ಜನ ಸಾಲಾಗಿ ಬಂದು ನಿಂತಾಗ ಆ ನೋವು ಹಾರಿಹೋಯಿತು. ಎಲ್ಲಿಯ ಮಂಡ್ಯ, ಎಲ್ಲಿಯ ವಿಜಾಪುರ, ಎಲ್ಲಿಯ ಕಾಂದಿವಲಿ! ಗೋರೆಗಾಂವಿನ ಪಾರ್ಕಿಂಗಿನಲ್ಲಿ ನಮ್ಮ ಕೋಲು ಮಾತಾಡುತ್ತಿತ್ತು.

ಹೆಣಿಗೆ ಸೊಗಸಾಗಿ ಇಳಿಯಿತು. ಜನ ಚಪ್ಪಾಳೆ ತಟ್ಟಿದರು. ರೊಟ್ಟಿಯಕ್ಕ ಹಾಡು ತಿರುಗಿಸಿದಳು, ಸೊಸೆಯೂ ಸರಿಯಾಗಿ ತಿರುಗಿದಳು. ನಾನು ಉಸಿರು ಬಿಟ್ಟೆ. ಅಷ್ಟರಲ್ಲಿ ಕಾಂಪೌಂಡಿನ ಆಚೆಯ ಸೊಸೈಟಿಯಲ್ಲಿ ಗರಬಾದ ಢೋಲು ಶುರುವಾಯಿತು. ಎದೆಗೆ ಗುದ್ದುವಂಥ ಸ್ಪೀಕರು. ನಮ್ಮ ತಾಳ ಅದರಡಿಯಲ್ಲಿ ಮುಳುಗಿತು. ನನ್ನ ಕಣ್ಣೆದುರಿಗೇ ಸೊಸೆಯ ಕಾಲು ಆ ಢೋಲಿಗೆ ಓಗೊಟ್ಟಿತು. ಗರ್‍ರನೆ ತಿರುಗಿ ಮುಂದಕ್ಕೆ ಹೋಗಿಯೇಬಿಟ್ಟಳು. ಒಬ್ಬಳ ತಪ್ಪು ಬದಿಯಿಂದ ಹಾಯ್ದಳು, ಇನ್ನೊಬ್ಬಳನ್ನೂ ಬಳಸಿಕೊಂಡು ಹೋದಳು. ತಲೆಯ ಮೇಲೆ ಜಡೆ ಮುಷ್ಟಿಯಂತೆ ಗಂಟು ಬಿತ್ತು. ಎಲ್ಲರೂ ನಿಂತರು.

ಕಮಿಟಿಯವರೊಬ್ಬರು ಮೈಕು ಹಿಡಿದು, "ಬಹುತ್ ಬಢಿಯಾ, ಬಹುತ್ ಬಢಿಯಾ, ಅಬ್ ಗರಬಾ" ಎಂದು ಮುಗಿಸಲು ಹೊರಟರು. ಇನ್ನೊಬ್ಬರು ಹಗ್ಗ ಕತ್ತರಿಸಿ ಜಾಗ ಬಿಡಿಸೋಣವೆಂದು ಕತ್ತರಿ ತಂದರು. ಬಿಚ್ಚದ ಜಡೆಗೆ ಕತ್ತರಿ! ನನ್ನ ಮೊಣಕಾಲು ನನಗೆ ನೆನಪಾಗಲಿಲ್ಲ. ಎದ್ದು ಹೋಗಿ ಕತ್ತರಿಯನ್ನು ಕಿತ್ತುಕೊಂಡು, "ಖಬರ್ದಾರ್ ಜೋ ಕಿಸೀನೇ ಹಾಥ್ ಲಗಾಯಾ" ಎಂದು ಗದರಿ, ಅದನ್ನು ನನ್ನ ಕುರ್ಚಿಯ ಮೇಲಿಟ್ಟು ಅದರ ಮೇಲೇ ಕೂತೆ. ಅತ್ತ ಸೊಸೆಯ ಮುಖ ಬಿಳಿಚಿಕೊಂಡಿತ್ತು. ತಾನು ಹೊರಗೆ ಹೋದರೆ ಉಳಿದವರು ಹೇಗೋ ಸರಿಮಾಡಿಕೊಳ್ಳುತ್ತಾರೆಂದು ಬಗೆದಳೋ ಏನೋ, ಹಗ್ಗದ ತುದಿಯನ್ನು ಕೈಯಿಂದ ಬಿಡಿಸಿಕೊಳ್ಳತೊಡಗಿದಳು. ತುದಿ ಬಿಟ್ಟರೆ ಜಡೆ ಸಡಿಲಾಗಿ ಎಂಟೂ ಹಗ್ಗ ಕಲಸಿಹೋಗುತ್ತವೆ. ಆಮೇಲೆ ಬ್ರಹ್ಮನಿಗೂ ಬಿಡಿಸಲಾಗುವುದಿಲ್ಲ.

"ಏ ಹುಚ್ಚೀ!"

ಆಚೆಯ ಢೋಲನ್ನೂ ಮೀರಿಸಿದ ದನಿ ರೊಟ್ಟಿಯಕ್ಕನದು.

"ಹಗ್ಗ ಬಿಟ್ಟಿ ನೋಡು, ಕಾಲ ಮುರೀತೀನಿ! ನಿಂತಲ್ಲೇ ನಿಂದ್ರು! ಎತ್ಲಾಗ ನೋಡಾಕತ್ತಿ, ನನ್ನ ಮಾರಿ ನೋಡು! ಗಂಟ ಹಾಕಾಕ ಬರ್ತೈತಿ, ಬಿಚ್ಚಾಕ ಬರೂದಿಲ್ಲೇನು?"

ನನ್ನ ಎದೆ ಹಿಗ್ಗಿತು. ಪಕ್ಕದಲ್ಲಿ ಬೀಗಿತ್ತಿ ಕೆಂಪಗಾಗಿದ್ದರು. "ಇತನೇ ಲೋಗೋಂ ಕೇ ಸಾಮನೇ ಮೇರೀ ಬೇಟೀ ಕೋ ಡಾಂಟ್ ರಹೀ ಹೈ?" ಎಂದು ನನ್ನ ಕೈ ಹಿಡಿದರು. ಮಗಳನ್ನು ಇಷ್ಟು ಜನರೆದುರು ಬೈದರೆ ಯಾವ ತಾಯಿಗೆ ಸಹನೆಯಾಗುತ್ತದೆ? ನಾನು ನಗುತ್ತಿದ್ದುದು ಅವರಿಗೆ ಇನ್ನೂ ಕೋಪ ತರಿಸಿರಬೇಕು. "ಬೈಯಲಿ ಬಿಡಿ, ಇದಕ್ಕೇ ಇಷ್ಟು ದಿನ ಕಾದಿದ್ದಳು" ಎಂದು ಹಿಂದಿಯಲ್ಲಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ನನಗೆ ಬುದ್ಧಿ ನೆಟ್ಟಗಿಲ್ಲವೆಂದುಕೊಂಡಿರಲೂ ಸಾಕು.

ಸೊಸೆ ತುದಿಯನ್ನು ಮತ್ತೆ ಮುಷ್ಟಿಯಲ್ಲಿ ಬಿಗಿದಳು. ಪಲ್ಲವಿಯನ್ನು ಉಳಿದವರು ಹಿಡಿದರು, ಹಾಡು ನಿಲ್ಲಲಿಲ್ಲ. ಏಳು ಜನ ನಿಂತಲ್ಲೇ ಕೋಲು ಬಡಿಯುತ್ತ ನಿಂತರು. ರೊಟ್ಟಿಯಕ್ಕ "ಒಳಗ ಬಾ... ಬಗ್ಗು... ಹೊರಗ... ಏ ಕತ್ತಿ, ಆ ಕಡೆಯಲ್ಲ!" ಎನ್ನುತ್ತ ಹೋದಳು. ಸೊಸೆ ತಾನು ತಪ್ಪಿ ಬಂದ ದಾರಿಯನ್ನು ಒಬ್ಬಳೇ ಹಿಮ್ಮುಖವಾಗಿ ನಡೆದಳು. ಒಬ್ಬೊಬ್ಬಳ ತೋಳಿನಡಿ ನುಸುಳಿದಳು, ಒಬ್ಬೊಬ್ಬಳನ್ನು ಬಳಸಿದಳು. ಮೈಕು ಹಿಡಿದವರೂ ಅದನ್ನು ಕೆಳಗಿಟ್ಟರು. ಆಚೆಯ ಢೋಲು ಬಡಿಯುತ್ತಲೇ ಇತ್ತು. ಅದಕ್ಕೆ ಎದುರಾಗಿ ನಮ್ಮ ಬಿಲ್ಡಿಂಗಿನವರು ನಮ್ಮ ತಾಳಕ್ಕೆ ಚಪ್ಪಾಳೆ ಹಾಕತೊಡಗಿದರು. ಕನ್ನಡದ ಒಂದಕ್ಷರ ಬಾರದ ಸಿಂಧಿ ಅಜ್ಜಿಯೊಬ್ಬರು ಕುರ್ಚಿಯ ಕೈಗೆ ಊರುಗೋಲು ಬಡಿದರು. ಗಂಟು ಸಡಿಲಾಯಿತು, ಬಿಚ್ಚಿತು. ಎಂಟೂ ಜನ ಒಟ್ಟಿಗೆ ಹಿಂದಿರುಗಿದರು. ಎಂಟೂ ಹಗ್ಗ ನೆಟ್ಟಗೆ ಇಳಿದು ನಿಂತವು. ನಾನು ಅತ್ತುಬಿಟ್ಟೆ. ಹೆಮ್ಮೆಯಿಂದ ಅತ್ತೆ, ಅದರಲ್ಲೇನು ಮುಚ್ಚುಮರೆ.

ಆಟ ಮುಗಿದ ಮೇಲೆ ಸೊಸೆ ಬೆವರು ಸುರಿಸಿಕೊಂಡು ನಮ್ಮ ಬಳಿಗೆ ಓಡಿಬಂದಳು. ಬೀಗಿತ್ತಿ ಅವಳ ಕೆನ್ನೆ ಸವರಿ, ಗುಜರಾತಿಯಲ್ಲಿ ಏನೋ ಸಮಾಧಾನ ಹೇಳತೊಡಗಿದರು. ಅವಳು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

"ಅತ್ತೆ, ಬೈದ್ರು! ಕೇಳಿಸ್ತಾ? ನಂಗೆ 'ಹುಚ್ಚಿ' ಅಂದ್ರು, 'ಕತ್ತಿ' ಅಂದ್ರು! 'ಕತ್ತಿ' ಅಂದ್ರೆ ಏನು?"

"ಕತ್ತೆ ಅಂತ, ಅವರ ಕಡೆ ಮಾತಲ್ಲಿ" ಎಂದೆ.

ಅವಳು ಅಲ್ಲೇ ಒಂದು ಸುತ್ತು ಕುಣಿದಳು. ಹಿಂದಿನಿಂದ ಅದೇ ದನಿ ಬಂತು.

"ಏ, ಅಲ್ಲೇನ್ ಹರಟಿ ಹೊಡಕೋಂತ ನಿಂತಿ? ಮುಂದಿನ ವರ್ಷಕ್ಕ ಈ ಹಗ್ಗ ಬ್ಯಾಡೇನು? ಸುತ್ತಿ ಇಡಾಕ ನಿಮ್ಮವ್ವ ಬರ್ತಾಳೇನು?"

ಸೊಸೆ ಓಡಿದಳು. ಬೀಗಿತ್ತಿ ನನ್ನ ಕಡೆ ತಿರುಗಿ, "ಅಬ್ ಕ್ಯಾ ಬೋಲಾ?" ಎಂದರು. ನಾನು ಬಣ್ಣ ಹಚ್ಚದೆ ಹೇಳಿದೆ: ಹಗ್ಗ ಸುತ್ತುವುದಕ್ಕೆ ನಿಮ್ಮಮ್ಮ ಬರುತ್ತಾರೇನು ಎಂದು ಕೇಳುತ್ತಿದ್ದಾಳೆ.

ಅವರು ಪೆಂಡಾಲಿನ ನಡುವೆ ಮಗಳು ಬಗ್ಗಿ ಹಗ್ಗ ಬಿಡಿಸುತ್ತಿದ್ದುದನ್ನು, ಆ ಕಡೆ ಈ ಕಡೆ ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಿದ್ದುದನ್ನು ನೋಡಿದರು. ಆಮೇಲೆ ಪರ್ಸನ್ನು ನನ್ನ ಮಡಿಲಿಗೆ ಹಾಕಿ, ಬಳೆಗಳನ್ನು ಮೇಲಕ್ಕೆ ಸರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟರು. ರೊಟ್ಟಿಯಕ್ಕ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಬರ್ರಿ" ಎನ್ನುತ್ತಾಳೆಂದು ನಾನು ಕಾದೆ.

"ಬಾರವ್ವಾ" ಎಂದಳು, "ಆ ತುದಿ ಹಿಡಿ."

ಬೀಗಿತ್ತಿಗೆ ಮಾತು ತಿಳಿಯಲಿಲ್ಲ. ತುದಿ ಹಿಡಿದರು.