ಸಕ್ರವ್ವನ ಫೌಜದಾರ

ಮಮದಾಪುರದ ಸಕ್ರವ್ವನ ಬಗ್ಗೆ ಬರೆಯಲು ನನಗಿಂತ ನಾಲಾಯಕ್ಕಾದ ಮನುಷ್ಯ ಇನ್ನೊಬ್ಬನಿಲ್ಲ. ಆದರೂ ನಾನೇ ಬರೆಯಬೇಕು, ಬೇರೆ ದಾರಿಯಿಲ್ಲ. ಆಕೆಯ ಎಮ್ಮೆ ಹೇಗೆ ಹೋಯಿತೆಂದು ಬಲ್ಲವರು ಮೂವರು. ಯಾಕೂಬ ತೀರಿಹೋದ. ಶಂಕ್ರೆಪ್ಪನನ್ನು ಕೇಳಿದರೆ "ಯಾವ ಎಮ್ಮಿ?" ಅನ್ನುತ್ತಾನೆ. ಉಳಿದವನು ನಾನು, ಬಬಲೇಶ್ವರದ ದರ್ಜಿ ಗುರಣ್ಣ.

ಸಕ್ರವ್ವ ಹುಟ್ಟಿದ್ದು ನಿಡೋಣಿಯಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಮಮದಾಪುರಕ್ಕೆ ಸೊಸೆಯಾಗಿ ಬಂದ ಮೂರನೆಯ ವರ್ಷ ಗಂಡ ಮಲಕಾಜಪ್ಪ ಜ್ವರ ಬಂದು ಸತ್ತ. ಮಕ್ಕಳಿರಲಿಲ್ಲ. ಕುರಿ ಹಿಂಡು ಮೈದುನರದು, ಮನೆ ಮೈದುನರದು, ಬುಟ್ಟಿಯೊಳಗಿನ ರೊಟ್ಟಿಯೂ ಅವರದೇ. ತವರಿಗೆ ಬಾ ಎಂದರೆ ಹೋಗಲಿಲ್ಲ. ಆಗ ಆಕೆಯ ತಾಯಿ ಒಂದು ಎಮ್ಮೆಗರು ಹೊಡೆದುಕೊಂಡು ಬಂದು, "ಇದನ್ನ ಬೆಳಸು, ಹಾಲು ಬೆಣ್ಣಿ ಮಾರಿ ಉಣ್ಣು. ಯಾರ ಮುಂದನೂ ಕೈ ಒಡ್ಡಬ್ಯಾಡ" ಎಂದು ಕಟ್ಟಿಹೋದಳಂತೆ. ಆ ಕರುವಿನ ಮೊಮ್ಮಗಳೇ ಚಂದ್ರಿ, ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಎಮ್ಮೆ. ಮೂವತ್ತೈದು ವರ್ಷ ಸಕ್ರವ್ವ ಬೆಣ್ಣೆ ಮಾರಿದಳು, ತನ್ನ ಒಲೆ ತಾನು ಹೊತ್ತಿಸಿದಳು. ಬೇಸಿಗೆಯಲ್ಲಿ ಮೈದುನರು ಕುರಿ ಹೊಡೆದುಕೊಂಡು ಊರೂರು ತಿರುಗುವಾಗ ಹಿಂದೆ ಈಕೆಯ ಎಮ್ಮೆಯೂ ನಡೆಯುತ್ತಿತ್ತು. ಕುರಿಯ ಜೊತೆ ಎಮ್ಮೆ ತಿರುಗಿಸುವವರನ್ನು ಯಾರಾದರೂ ಕಂಡಿದ್ದೀರಾ? ಜನ ನಕ್ಕರೆ, "ನಿಮ್ಮ ಮನ್ಯಾಗ ಬಿಟ್ಟು ಹೋಗ್ಲೇನು, ಹಿಂಡಿ ಕೊಡ್ತೀರಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಮೊದಲೇ ತಿಳಿದಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಿ ನನ್ನ ತಪ್ಪನ್ನು ಸಣ್ಣದು ಮಾಡಿಕೊಳ್ಳುವುದಿಲ್ಲ.

ಇನ್ನು ನನ್ನ ಹುಚ್ಚಿನ ಕಥೆ. ಅರವತ್ತೊಂದನೆಯ ಇಸವಿ, ನನಗೆ ಇಪ್ಪತ್ನಾಲ್ಕು. ವಿಜಾಪುರದ ಸ್ಟೇಷನ್ ರಸ್ತೆಯ ಪಕ್ಕದ ಬಯಲಿನಲ್ಲಿ ಒಂದು ನಾಟಕ ಕಂಪನಿ ತಗಡಿನ ಥೇಟರು ಹಾಕಿತ್ತು. ಅವರು ಆಡುತ್ತಿದ್ದ ಆಟಕ್ಕೆ ಏನೋ ಉದ್ದನೆಯ ಹೆಸರಿತ್ತು. ಜನ ಮಾತ್ರ ಫೌಜದಾರನ ನಾಟಕ ಎಂದೇ ಕರೆಯುತ್ತಿದ್ದರು. ಅದರಲ್ಲೊಂದು ಪ್ರವೇಶ. ಬಡ ಮುದುಕಿಯೊಬ್ಬಳು ಅಳುತ್ತ ಬರುತ್ತಾಳೆ. ಫೌಜದಾರ ಎದ್ದು ತನ್ನ ಖುರ್ಚಿಯಲ್ಲಿ ಆಕೆಯನ್ನು ಕೂಡಿಸುತ್ತಾನೆ, ತಕರಾರು ಬರೆದುಕೊಳ್ಳುತ್ತಾನೆ, ಹೆಬ್ಬೆಟ್ಟು ಒತ್ತಿಸಿಕೊಂಡು ಕಾಗದ ಕಿಸೆಗೆ ಹಾಕುತ್ತಾನೆ, ಮೀಸೆ ತಿರುವಿ ಹೇಳುತ್ತಾನೆ: "ಹೋಗು ಯವ್ವಾ, ನಿನ್ನ ಕೆಲಸ ಆತು ಅಂತ ತಿಳಕೋ!" ಅಷ್ಟಕ್ಕೇ ಥೇಟರಿನ ತಗಡು ಹಾರಿಹೋಗುವಂತೆ ಸೀಟಿ. ನಾನು, ಸೈಕಲ್ ರಿಪೇರಿಯ ಯಾಕೂಬ, ಹಿಟ್ಟಿನ ಗಿರಣಿಯ ಶಂಕ್ರೆಪ್ಪ, ಮೂವರೂ ಆ ಆಟವನ್ನು ಹದಿನಾಲ್ಕು ಸಲ ನೋಡಿದ್ದೆವು. ಅಂಗಿ ಆಯಿತೇ ಎಂದು ಅಂಗಡಿಗೆ ಬಂದವರಿಗೂ ನಾನು "ಆತು ಅಂತ ತಿಳಕೋ" ಎಂದೇ ಹೇಳುತ್ತಿದ್ದೆ. ಅಂಗಿ ಮಾತ್ರ ಆಗಿರುತ್ತಿರಲಿಲ್ಲ.

ನೂರನೆಯ ಆಟಕ್ಕೆ ಕಂಪನಿಯ ಮ್ಯಾನೇಜರ ಹ್ಯಾಂಡ್‌ಬಿಲ್ಲು ಹಂಚಿದ. ಆ ದಿನ ಮಧ್ಯಾಹ್ನ ಅಭಿಮಾನಿಗಳ ಮೇಳ. ನಾಟಕದ ಯಾವುದಾದರೂ ಪಾತ್ರದ ವೇಷ ಹಾಕಿ ಬಂದವರಿಗೆ ಮುಂದಿನ ಖುರ್ಚಿ ಪುಕ್ಕಟೆ. ಎಲ್ಲರಿಗಿಂತ ಚಲೋ ವೇಷಕ್ಕೆ ಫೌಜದಾರನ ಪಾತ್ರಧಾರಿಯ ಕೈಯಿಂದ ಹಾರ. ನಮಗೆ ಇನ್ನೇನು ಬೇಕು! ಎಂಟು ದಿನ ಗಿರಾಕಿಗಳ ಬಟ್ಟೆ ಮೂಲೆಗೆ ತಳ್ಳಿ ಖಾಕಿ ಹೊಲಿದೆ. ಭುಜದ ಪಟ್ಟಿ, ಕಿಸೆಯ ಮೇಲಿನ ಮಡಿಕೆ, ಹಿತ್ತಾಳೆಯ ಗುಂಡಿ, ಒಂದನ್ನೂ ಬಿಡಲಿಲ್ಲ. ನಾನು ಫೌಜದಾರ, ಯಾಕೂಬ ಪೊಲೀಸ, ಶಂಕ್ರೆಪ್ಪ ಕಳ್ಳ.

"ಲೇ, ನಾನ ಯಾಕ ಕಳ್ಳ ಆಗ್ಬೇಕು?" ಎಂದು ಶಂಕ್ರೆಪ್ಪ ಜಗಳ ತೆಗೆದ.

"ಕನ್ನಡ್ಯಾಗ ಮಾರಿ ನೋಡ್ಕೋ. ನಿನಗ ಏನೂ ಹೊಲ್ಯೂದ ಬ್ಯಾಡ, ಹಗ್ಗ ಕಟ್ಟಿದ್ರ ಸಾಕು" ಎಂದ ಯಾಕೂಬ.

ಬಯಲಿಗೆ ಹೋಗಿ ನೋಡಿದರೆ ಹುಚ್ಚರು ನಾವಷ್ಟೇ ಅಲ್ಲ. ಹನ್ನೊಂದು ಜನ ಫೌಜದಾರರು! ಏಳೆಂಟು ಪೊಲೀಸರು, ಇಬ್ಬರು ಸಾಹುಕಾರರು, ಗಡ್ಡ ಬೋಳಿಸಿ ಸೀರೆಯುಟ್ಟ ನಾಲ್ವರು ಮುದುಕಿಯರು. ಒಬ್ಬರಿಗೊಬ್ಬರು ಸಲಾಮು ಹೊಡೆದದ್ದೇ ಹೊಡೆದದ್ದು. ಉಳಿದ ಹತ್ತು ಜನ ಬಾಡಿಗೆಯ ಕೋಟು, ಅಣ್ಣನ ಪ್ಯಾಂಟು ತೊಟ್ಟು ಬಂದಿದ್ದರು. ನನ್ನನ್ನು ಕಂಡು ಅವರ ಮುಖ ಸಣ್ಣಗಾಯಿತು. ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ಸಕ್ರವ್ವ ಅಲ್ಲಿಗೆ ಬಂದದ್ದು ಹೀಗೆ. ಆ ವಾರ ಅವರ ಕುರಿ ಹಿಂಡು ಊರ ಹೊರಗೆ ತಿಕೋಟಾ ರಸ್ತೆಯ ಒಂದು ಹೊಲದಲ್ಲಿತ್ತು. ಚಂದ್ರಿ ಹಗ್ಗ ಹರಿದುಕೊಂಡು ಯಾರದೋ ಕಾಯಿಪಲ್ಲೆ ತೋಟಕ್ಕೆ ನುಗ್ಗಿತು. ತೋಟದವರು ಹಿಡಿದು, ಬಿಡಾಡಿ ದನ ಕೂಡಿಹಾಕುವ ಕೊಂಡವಾಡಕ್ಕೆ ಹೊಡೆದರು. ವಾರದೊಳಗೆ ಬಿಡಿಸಿಕೊಳ್ಳದಿದ್ದರೆ ಹರಾಜು. ಹುಡುಕಿ ಹುಡುಕಿ ಆಕೆಗೆ ಪತ್ತೆ ಹತ್ತಿದ್ದೇ ಕೊನೆಯ ದಿನ. ದಂಡದ ದುಡ್ಡು ಸೆರಗಿನ ಗಂಟಿನಲ್ಲಿತ್ತು. ಆದರೆ ಕೊಂಡವಾಡದ ಕಾವಲುಗಾರ, "ಎಮ್ಮಿ ನಿಂದ ಅಂತ ಹೇಳೂ ಸಾಕ್ಷಿ ಬೇಕಬೇ. ದೀಪಾ ಹಚ್ಚೂದ್ರಾಗ ಯಾರನರ ಕರ್ಕೊಂಡ ಬಾ, ಮುಂಜಾನಿ ಹರಾಜ ಐತಿ" ಎಂದಿದ್ದ. ಅದು ಅವನ ಕೆಲಸ, ಅವನ ತಪ್ಪೇನಿಲ್ಲ. ಮೈದುನನನ್ನು ಕರೆತರಲು ಸಕ್ರವ್ವ ದಾಪುಗಾಲು ಹಾಕುತ್ತ ಹೊರಟಿದ್ದಳು. ಹೋಗಿ ಬರಲು ಹೊತ್ತು ಬೇಕಾದಷ್ಟಿತ್ತು. ದಾರಿಯಲ್ಲಿ ಇಷ್ಟು ಮಂದಿ ಖಾಕಿಯವರು ಒಂದೇ ಕಡೆ ನಿಂತದ್ದು ಕಂಡಳು. ಇದೇ ದೊಡ್ಡ ಕಚೇರಿ ಇರಬೇಕು ಎಂದುಕೊಂಡು ಒಳಗೆ ಬಂದಳು. ಹನ್ನೊಂದು ಜನರಲ್ಲಿ ಆಕೆಗೆ ಖರೇ ಫೌಜದಾರನಾಗಿ ಕಂಡವನು ನಾನು. ನನ್ನ ಹೊಲಿಗೆಗೆ ಬೆಂಕಿ ಬೀಳಲಿ.

"ಸಾಹೇಬ್ರ, ಕೊಂಡವಾಡದಾಗಿನ ನನ್ನ ಎಮ್ಮಿ ಬಿಡಿಸಿ ಕೊಡ್ರಿ, ಮುಂಜಾನಿ ಹರಾಜ ಐತ್ರಿ, ನಿಮ್ಮ ಕಾಲಿಗೆ ಬೀಳ್ತೇನ್ರಿ ನಮ್ಮಪ್ಪಾ" ಎಂದು ಬಿದ್ದೇಬಿಟ್ಟಳು.

ಐದನೆಯ ಮುದುಕಿ ಬಂದಳು ಎಂದುಕೊಂಡೆ. ಯಾವನೋ ಗಂಡಸು ಸೀರೆಯುಟ್ಟು ಬಂದಿದ್ದಾನೆ, ನಾಟಕದಲ್ಲಿ ಇಲ್ಲದ ಎಮ್ಮೆಯನ್ನೂ ಸೇರಿಸಿ ಚಲೋ ಆಡುತ್ತಿದ್ದಾನೆ ಎಂದೇ ತಿಳಿದೆ. ಯಾಕೂಬ ಓಡಿಹೋಗಿ ಮ್ಯಾನೇಜರನ ಖುರ್ಚಿ ಎತ್ತಿಕೊಂಡು ಬಂದ. "ಕುಂದ್ರು ಯವ್ವಾ" ಎಂದೆ. ಆಕೆ ನೆಲದ ಮೇಲೆ ಕೂಡಲು ಹೋದಳು. ಭುಜ ಹಿಡಿದು ಖುರ್ಚಿಯಲ್ಲಿ ಕೂಡಿಸಿದೆ. ಸುತ್ತ ಜನ ಕೂಡಿದರು. ಹ್ಯಾಂಡ್‌ಬಿಲ್ಲಿನ ಬೆನ್ನಿಗೆ ಬರೆಯತೊಡಗಿದೆ. ಹೆಸರು? ಊರು? ಎಮ್ಮೆಯ ಗುರುತು?

"ಹಣಿ ಮ್ಯಾಲ ಬಿಳೇ ಬೊಟ್ಟ ಐತ್ರಿ. ಎಡಗಿವಿ ಸೀಳೇತ್ರಿ. ಚಂದ್ರಿ ಅಂದ್ರ ಹೊಳ್ಳಿ ನೋಡ್ತೈತ್ರಿ. ತಿಕೋಟಾ ರಸ್ತೆ ಹೊಲದಾಗ ಕರಾ ಹಗಲಾ ರಾತ್ರಿ ಒದರಾಕತ್ತೈತ್ರಿ ಯಪ್ಪಾ" ಎಂದಳು. ಜನ ಹೋ ಎಂದು ನಕ್ಕರು.

ಹೆಬ್ಬೆಟ್ಟು ಒತ್ತಿಸಲು, ಮೀಸೆ ತಿದ್ದಲೆಂದು ತಂದಿದ್ದ ಕಾಡಿಗೆ ತೆಗೆದೆ. ಆಕೆಯ ಕೈ ಹಿಡಿದೆ. ಆಗ ಗೊತ್ತಾಯಿತು. ಸೀಳು ಬಿಟ್ಟ ಬೆರಳು, ಉಗುರಿನ ಸಂದಿಯಲ್ಲಿ ಸಗಣಿ. ಅದು ಬಣ್ಣ ಹಚ್ಚಿದ ಗಂಡಸಿನ ಕೈಯಲ್ಲ. ಮುಖ ನೋಡಿದೆ. ಆಕೆ ದೇವರನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

ಯವ್ವಾ, ನಾನು ದರ್ಜಿ, ಇದು ವೇಷ ಎನ್ನಲು ಎಷ್ಟು ಹೊತ್ತು ಬೇಕು? ಒಂದು ಸೂಜಿಗೆ ದಾರ ಪೋಣಿಸುವಷ್ಟೂ ಬೇಡ. ಆದರೆ ಸುತ್ತ ಇನ್ನೂರು ಜನ ಆ ಒಂದು ಮಾತಿಗೆ ಬಾಯಿ ತೆರೆದು ಕಾಯುತ್ತಿದ್ದರು. ಥೇಟರಿನ ಬಾಗಿಲಲ್ಲಿ ಫೌಜದಾರನ ಪಾತ್ರಧಾರಿಯೇ ಬಂದು ನಿಂತು ನನ್ನನ್ನು ನೋಡುತ್ತಿದ್ದ. ನಾನು ಗೊತ್ತಿದ್ದೂ ಹೆಬ್ಬೆಟ್ಟು ಒತ್ತಿಸಿದೆ. ಗೊತ್ತಿದ್ದೂ ಕಾಗದ ಕಿಸೆಗೆ ಹಾಕಿದೆ. ಗೊತ್ತಿದ್ದೂ ಮೀಸೆ ತಿರುವಿದೆ.

"ನಾಳೆ ಹೊತ್ತ ಹುಟ್ಟೂದ್ರಾಗ ಎಮ್ಮಿ ನಿನ್ನ ಮುಂದ ಇರ್ತೈತಿ. ಹೋಗು ಯವ್ವಾ, ನಿನ್ನ ಕೆಲಸ ಆತು ಅಂತ ತಿಳಕೋ!"

ಸೀಟಿ, ಚಪ್ಪಾಳೆ, ಟೊಪ್ಪಿಗೆಗಳು ಮೇಲೆ ಹಾರಿದವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುವುದು ಇದಕ್ಕೇ. ತನ್ನ ಎಮ್ಮೆ ಸಿಕ್ಕಿತೆಂದು ಇವರಿಗೆಲ್ಲ ಇಷ್ಟು ಸಂತೋಷವಾಗಿದೆ ಎಂದು ತಿಳಿದು ಸಕ್ರವ್ವ ಸುತ್ತ ತಿರುಗಿ ಎಲ್ಲರಿಗೂ ಕೈಮುಗಿದಳು. ಕಡೆಗೆ ನನಗೆ ಮುಗಿದು ಹೊರಟುಹೋದಳು. ಹಾರ ನನಗೇ ಬಿತ್ತು.

"ಲೇ ಗುರ್ಯಾ, ಆ ಮುದುಕಿ ಖರೇನ ಮುದುಕಿ ಇದ್ದಂಗಿತ್ತಲ್ಲೋ" ಎಂದ ಯಾಕೂಬ, ಖುರ್ಚಿಯಲ್ಲಿ ಕೂತ ಮೇಲೆ.

"ಆಟ ಮುಗೀಲಿ ತಡಿ, ಮುಂಜಾನಿ ಹೋಗಿ ಬಿಡಿಸಿದ್ರಾತು" ಎಂದೆ. ಇನ್ನೂ ದೀಪ ಹಚ್ಚುವ ಹೊತ್ತಾಗಿರಲಿಲ್ಲ. ಎದ್ದು ಹೋಗಬಹುದಿತ್ತು. ಮುಂದಿನ ಸಾಲಿನ ಪುಕ್ಕಟೆ ಖುರ್ಚಿ ಬಿಟ್ಟು ಏಳಲು ನನ್ನ ಕುಂಡಿ ಒಪ್ಪಲಿಲ್ಲ.

ಮರುದಿನ ಎದ್ದು, ಮುಖ ತೊಳೆದು, ಚಹಾ ಕುಡಿದು ಕೊಂಡವಾಡಕ್ಕೆ ಹೋದಾಗ ಹತ್ತು ಗಂಟೆ. "ಹಣಿ ಬೊಟ್ಟಿನ ಎಮ್ಮೀನ? ಎಂಟಕ್ಕ ಹರಾಜ ಆತು. ಸೊಲ್ಲಾಪುರ ಕಡ್ಯಾಂವ ಒಬ್ಬ ಹೊಡಕೊಂಡ ಹೋದ. ಸಾಕ್ಷಿ ತರ್ತೇನಂತ ಹೋದ ಮುದುಕಿ ಬರ್ಲೇ ಇಲ್ಲ ನೋಡ್ರಿ" ಎಂದ ಕಾವಲುಗಾರ. "ನಡೀರಲೇ, ಬಸ್ಸ ತಪ್ತೈತಿ" ಎಂದ ಶಂಕ್ರೆಪ್ಪ. ಆಕೆ ಕಾಯುತ್ತಿದ್ದ ಹೊಲ ಅಲ್ಲಿಂದ ಒಂದು ಹರದಾರಿಯೂ ಇರಲಿಲ್ಲ. ಹೋಗಲಿಲ್ಲ. ಹೆದರಿದೆ, ಅಷ್ಟೇ. ಥೂ!

ಒಂದು ವರ್ಷ ಅನ್ನ ರುಚಿಸಲಿಲ್ಲ. ಕಾಗದದಲ್ಲಿ ಆಕೆಯ ಊರಿನ ಹೆಸರಿತ್ತು. ಮರುವರ್ಷ ದೀಪಾವಳಿಗೆ ಮುಂಚೆ ಹೊಲಿಗೆ ಮಷಿನ್ನು ಬಸ್ಸಿನ ಮೇಲೆ ಹೇರಿಕೊಂಡು ಮಮದಾಪುರಕ್ಕೆ ಹೋದೆ. ಹಬ್ಬದ ಬಟ್ಟೆ ಹೊಲಿಯುವ ನೆಪ. ಒಳಗೆ ತಪ್ಪೊಪ್ಪಿಕೊಳ್ಳುವ ನಿಶ್ಚಯ. ಚಾವಡಿಯಲ್ಲಿ ಕೂತ ಎರಡನೆಯ ದಿನ ಹರಿದ ಕುಬಸ ಹಿಡಿದು ಆಕೆಯೇ ಬಂದಳು. ಮೀಸೆಯಿಲ್ಲ, ಟೊಪ್ಪಿಗೆಯಿಲ್ಲ, ಕೊರಳಲ್ಲಿ ಅಳತೆಪಟ್ಟಿ, ಗುರುತು ಹಿಡಿಯಲಿಲ್ಲ. ಕರು ಹದಿನೈದು ದಿನದಲ್ಲಿ ಸತ್ತಿತ್ತು. ಈಗ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಮುದುಕವ್ವನ ಮನೆಯಲ್ಲಿ ಕಸ ಬಳಿದು, ಬೀಸಿ, ಎಲ್ಲರೂ ಉಂಡ ಮೇಲೆ ಉಣ್ಣುತ್ತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಆಕೆಯೇ ಕಥೆ ತೆಗೆದಳು.

"ಖುರ್ಚಿ ಮ್ಯಾಲ ಕುಂಡ್ರಿಸಿದ್ರು ಯಪ್ಪಾ ನನ್ನ. ನಮ್ಮ ಕುಲದಾಗ ಯಾರೂ ಖುರ್ಚಿ ಮ್ಯಾಲ ಕುಂತಿಲ್ಲ."

"ಯಾವನೋ ಮೋಸ ಮಾಡ್ಯಾನ ಹುಚ್ಚಿಗೆ" ಎಂದಳು ಪಕ್ಕದಲ್ಲಿದ್ದ ಮುದುಕವ್ವ.

"ಬಾಯಿ ತೊಳ್ಕೋ ಹೋಗ! ದೇವರಂಥಾ ಮನಷ್ಯಾ ಅಂವಾ. ಕೆಳಗಿನ ಮಂದಿ ಅವರ ಮಾತ ಕೇಳಿಲ್ಲ" ಎಂದು ಸಕ್ರವ್ವ ಹಾರಿಬಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ನೀ ವಿಜಾಪುರಕ್ಕ ಹೋಗ್ತಿರ್ತಿ. ಆ ಸಾಹೇಬ್ರು ಕಂಡ್ರ ಹೇಳಪಾ, ಎಮ್ಮಿ ಬರ್ಲಿಲ್ಲಂತ. ಪಾಪ, ಅವ್ರಿಗೆ ಗೊತ್ತಿರಾಕಿಲ್ಲ" ಎಂದಳು.

"ಹೇಳ್ತೀನಿ ಬೇ" ಎಂದೆ. ಕುಬಸ ಇಸಿದುಕೊಂಡು ಹೊಲಿಯತೊಡಗಿದೆ.

ಆಮೇಲೆ ವರ್ಷವೂ ಹೋದೆ. ವರ್ಷವೂ ಕೇಳಿದಳು. "ಸಿಗಲಿಲ್ಲ ಬೇ" ಎಂದೆ. ಮೂರನೆಯ ವರ್ಷ ಒಂದು ಎಮ್ಮೆಗರು ಕೊಂಡು ಹೊಡೆದುಕೊಂಡು ಹೋಗಿ ಆಕೆಯ ಮುಂದೆ ಕಟ್ಟಿದೆ. "ಯಾಕ?" ಎಂದಳು. "ಪುಣ್ಯಕ್ಕ" ಎಂದೆ. "ದಾನದ್ದ ನನಗ ಬ್ಯಾಡ. ನಾ ಇಲ್ಲೀತನ ಯಾರ ಹತ್ರನೂ ಇಸ್ಕೊಂಡಿಲ್ಲ" ಎಂದು ಹಗ್ಗ ಬಿಚ್ಚಿ ನನ್ನ ಕೈಗೇ ಕೊಟ್ಟಳು. ಇದು ದಾನವಲ್ಲ, ನಿನ್ನದೇ ಎಂದು ಹೇಳಿದ್ದರೆ ಇಟ್ಟುಕೊಳ್ಳುತ್ತಿದ್ದಳು. ಹೇಳುವ ಗಂಡಸುತನ ನನಗಿರಲಿಲ್ಲ. ಕರುವನ್ನು ತಿರುಗಿ ಹೊಡೆದುಕೊಂಡು ಬಂದೆ.

ಕಡೆಯ ಸಲ ಕಂಡದ್ದು ಅರವತ್ತೆಂಟರಲ್ಲಿ. ಕಣ್ಣು ಮಂದವಾಗಿತ್ತು, ಕೆಮ್ಮು ಹತ್ತಿತ್ತು. ಆ ಚಳಿಗಾಲ ಕಳೆಯುವುದರೊಳಗೆ ತೀರಿಹೋದಳು. ಅವತ್ತು ಕುಬಸದ ಅಳತೆಗೆ ಕೂತವಳು ಎಂದಿನಂತೆ ಕೇಳಿದಳು. ಇನ್ನು ತಡೆಯಲಾಗಲಿಲ್ಲ.

"ಸಿಕ್ಕಿದ್ರು ಬೇ" ಎಂದೆ. "ಎಮ್ಮಿ ಹೋಗಿದ್ದು ನನ್ನಿಂದನ ಅಂದ್ರು. ಗೊತ್ತಿದ್ದ ಸುಳ್ಳ ಹೇಳಿನಿ, ತಪ್ಪಾತು, ಕಾಲ ಹಿಡೀತೇನಿ ಅಂತ ಹೇಳು ಅಂದ್ರು." ಹೇಳುತ್ತ ಹೇಳುತ್ತ ಕಣ್ಣೀರು ಬಂತು.

ಸಕ್ರವ್ವ ನನ್ನನ್ನೇ ನೋಡಿದಳು. ಆಮೇಲೆ ಬೊಚ್ಚುಬಾಯಿ ತೆರೆದು ನಕ್ಕಳು.

"ಸುಳ್ಳ ಹೇಳಬ್ಯಾಡ ಗುರಣ್ಣ. ಅಂಥಾ ಮನಷ್ಯಾ ಎಲ್ಲ್ಯರ ಹಂಗ ಮಾಡ್ತಾನೇನು? ಮುದುಕಿ ಮನಸಿಗೆ ಸಮಾಧಾನ ಆಗ್ಲಿ ಅಂತ ನೀ ಕಟ್ಟಿ ಹೇಳಾಕತ್ತಿ. ಭಾಳ ಚಲೋ ಅದೀಯಪ್ಪಾ ನೀ" ಎಂದು ನನ್ನ ಬೆನ್ನು ಸವರಿದಳು.

ನಾನು ಸವರಿಸಿಕೊಂಡೆ.